ಮೂರನೆಯ ಸಾಲು

ಮೊದಲ ಸಾಲು ಅರ್ಧ ಅಳಿದಿತ್ತು. ಉಜ್ಜಕ್ಕ ಬ್ರಷ್ಷನ್ನು ಡಬ್ಬಿಗೆ ಅದ್ದಿ, ತೊಟ್ಟಿಕ್ಕುವುದನ್ನು ಅಂಚಿಗೆ ಒರೆಸಿ, ಮತ್ತೆ ಗೋಡೆಗೆ ಇಟ್ಟಳು. ಕೆಂಪು ಬಣ್ಣ ನೊರೆಯಾಗಿ ಕರಗಿ ಮೊಣಕೈಯ ತನಕ ಹರಿಯಿತು. ರಬ್ಬರಿನ ಕೈಗವಸು ಎರಡು ಬೆರಳ ತುದಿಯಲ್ಲಿ ಹರಿದಿದ್ದರಿಂದ ಔಷಧಿ ಒಳಗಿಳಿದು ಚುರುಗುಟ್ಟುತ್ತಿತ್ತು. ಡಬ್ಬಿಯಲ್ಲಿದ್ದ ಆಸಿಡ್ಡಿಗೆ ಅವರೆಲ್ಲ ಔಷಧಿ ಎನ್ನುತ್ತಿದ್ದರು.

"ಏನೇ, ಗೋಡೆಗೆ ಎಣ್ಣೆ ತಿಕ್ಕಿ ನೀರು ಹಾಕ್ತಿದೀಯಾ? ಬಾಣಂತಿ ಅಂದ್ಕೊಂಡ್ಯಾ ಅದನ್ನ?" ಮೇಸ್ತ್ರಿ ರಸ್ತೆಯ ಆಚೆಯಿಂದಲೇ ಕೂಗಿದ. "ಹನ್ನೊಂದಕ್ಕೆ ದೊಡ್ಡೋರು ಬರ್ತಾರೆ. ಅಷ್ಟರೊಳಗೆ ಈ ದರಿದ್ರ ಕಣ್ಣಿಗೆ ಬೀಳಬಾರದು. ಬೇಗ ಕೈ ಆಡ್ಸು, ಮುಂಡೆ."

ಅವಳು ತಿರುಗಿ ನೋಡಲಿಲ್ಲ. ಅವನ ಬಾಯಲ್ಲಿ ಅದು ಮದುವೆಯಾದವರಿಗೂ ಆಗದವರಿಗೂ ಸಮನಾಗಿ ಸಲ್ಲುವ ಮಾತು.

ಅದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂಗೋಡೆ. ಮೂವತ್ತು ವರ್ಷದ ಹೊಗೆ ಕುಡಿದು ಹಂಚಿನ ತಳದಷ್ಟು ಕಪ್ಪಾಗಿತ್ತು. ಹೋದ ವರ್ಷ ಆ ಗೋಡೆಯ ಒಳಗಿನ ಶೆಡ್ಡಿಗೆ ಬೆಂಕಿ ಬಿತ್ತು. ಕೆಲಸದವರು ಬಟ್ಟೆ ಕದ್ದಾರೆಂದು ಬಾಗಿಲಿಗೆ ಹೊರಗಿನಿಂದ ಸರಪಳಿ ಹಾಕಿದ್ದರು. ಒಳಗೆ ಆರು ಹುಡುಗಿಯರಿದ್ದರು. ಒಳಗೆ ಯಾರೂ ಇರಲೇ ಇಲ್ಲ, ಹಾಜರಿ ಪುಸ್ತಕದಲ್ಲಿ ಅಂಥ ಹೆಸರುಗಳೇ ಇಲ್ಲ ಎಂದು ಕಂಪನಿ ಹೇಳಿತು. ದಿನಗೂಲಿಯವರ ಹೆಸರನ್ನು ಅವರು ಯಾವತ್ತೂ ಬರೆದುಕೊಂಡವರಲ್ಲ. ಒಂದು ತಿಂಗಳು ಕಳೆದ ಮೇಲೆ ಯಾರೋ ಬಂದು ಆರು ಹೆಸರುಗಳನ್ನು ಕೆಂಪು ಬಣ್ಣದಲ್ಲಿ ಗೋಡೆಯ ಮೇಲೆ ಬರೆದರು. ಒಂದರ ಕೆಳಗೊಂದು, ಆರು ಸಾಲು. ಅಳಿಸಿದರು. ಮತ್ತೆ ಬರೆದರು. ಇದು ಒಂಬತ್ತನೆಯ ಸಲ.

ಮೂರನೆಯ ಸಾಲು ಉಜ್ಜಕ್ಕನ ಮಗಳು.

ಮೇಸ್ತ್ರಿಗೆ ಅದು ಗೊತ್ತಿರಲಿಲ್ಲ. ಬೆಂಕಿಯಾಗಿ ನಾಲ್ಕು ತಿಂಗಳಿಗೆ ಅವಳು ಊರಿನ ಗೋಡೆಬರಹ ಅಳಿಸುವ ಈ ಕೆಲಸಕ್ಕೆ ಸೇರುವಾಗ ಗುತ್ತಿಗೆದಾರ ಕೇಳಿದ್ದ: "ಆ ಸತ್ತೋರ ಕಡೆಯೋಳೇನೂ ಅಲ್ವಲ್ಲ ನೀನು? ಅವರಲ್ಲೇ ಯಾರೋ ಬರೀತಿರೋದು. ಗೊತ್ತಾದ ದಿನ ಒದ್ದು ಜೈಲಿಗೆ ಹಾಕಿಸ್ತೀನಿ." ಅಲ್ಲ ಎಂದಿದ್ದಳು. ಮನೆಯಲ್ಲಿ ಎದ್ದು ನಡೆಯಲಾರದ ಅತ್ತೆ ಇದ್ದಳು. ಬೇರೆ ಯಾವ ಕೆಲಸವೂ ಸಿಕ್ಕಿರಲಿಲ್ಲ. ಬರೆಯುತ್ತಿದ್ದವರು ಯಾರೆಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಾಲು ಹಿಡಿಯುತ್ತಿದ್ದಳೋ, ಕೈ ಮುರಿಯುತ್ತಿದ್ದಳೋ, ಅದನ್ನು ಅವಳು ಯೋಚಿಸಲು ಹೋಗಿರಲಿಲ್ಲ.

ಗುಟ್ಟು ಗೊತ್ತಿದ್ದದ್ದು ಜತೆಯಲ್ಲಿ ನೀರು ಹೊರುತ್ತಿದ್ದ ಬಕೆಟ್ ಅಜ್ಜಿಗೊಬ್ಬಳಿಗೆ. ಅವಳು ಸೇರಿದ ಮೇಲೆ ಈ ಗೋಡೆ ಅಳಿಸಿದಾಗಲೆಲ್ಲ ಇಬ್ಬರೂ ಒಂದು ಉಪಾಯ ನಡೆಸಿಕೊಂಡು ಬಂದಿದ್ದರು. ಎರಡನೆಯ ಸಾಲು ಮುಗಿಯುತ್ತಿದ್ದ ಹಾಗೆ ಉಜ್ಜಕ್ಕ ಬ್ರಷ್ಷನ್ನು ಅಜ್ಜಿಗೆ ಕೊಟ್ಟು ಬಕೆಟ್ ಎತ್ತಿಕೊಳ್ಳುತ್ತಿದ್ದಳು. ನಲ್ಲಿಯ ಹತ್ತಿರ ಅಗತ್ಯಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು. ವಾಪಸು ಬರುವಾಗ ಮೂರನೆಯ ಸಾಲು ಇರುತ್ತಿರಲಿಲ್ಲ.

"ಮುಷ್ಕರದ ಕಾಲದಲ್ಲಿ ನಾವೂ ಗೋಡೆ ಬರೆಸ್ತಿದ್ವಿ ಕಣೇ," ಎನ್ನುತ್ತಿದ್ದಳು ಅಜ್ಜಿ. "ಸುಣ್ಣ, ಇದ್ದಿಲು, ಸಿಕ್ಕಿದ್ದರಲ್ಲಿ. ನಂಗೆ ಅಕ್ಷರ ಬರ್ತಿರ್ಲಿಲ್ಲ. ಬರೆಯೋಳು ಬರೀತಿದ್ಲು, ನಾನು ಸುಣ್ಣದ ಬಕೆಟ್ ಹಿಡೀತಿದ್ದೆ. ಆವತ್ತೂ ಬಕೆಟ್ಟೇ, ಇವತ್ತೂ ಬಕೆಟ್ಟೇ. ನನ್ನ ಹಣೇಲಿ ದೇವರು ಇನ್ನೇನೂ ಬರೀಲಿಲ್ಲ."

ಉಜ್ಜಕ್ಕನಿಗೂ ಓದು ಬಾರದು. ಆದರೆ ಅಳಿಸಿ ಅಳಿಸಿ ಊರಿನ ಕೈಗಳೆಲ್ಲ ಪರಿಚಯವಾಗಿದ್ದವು. ಮೊಳೆಯಲ್ಲಿ ಕೊರೆದು ಎರಡು ಹೆಸರು ಕೂಡಿಸುವವರು ಗೋಡೆಯ ಮರೆ ಹುಡುಕುತ್ತಾರೆ. ಚುನಾವಣೆಯವರ ಅಕ್ಷರ ಅಗಲ, ಬಣ್ಣ ತೆಳು. ಸ್ಪ್ರೇ ಡಬ್ಬಿಯ ಪಡ್ಡೆಗಳು ತಮ್ಮ ಅಡ್ಡಹೆಸರನ್ನು ಪೂರಿಯ ಹಾಗೆ ಉಬ್ಬಿಸಿ ಬರೆಯುತ್ತಾರೆ. ಒಬ್ಬ ಸೇತುವೆಯ ಕಂಬಕ್ಕೆ ಹತ್ತಿದರೆ ಇನ್ನೊಬ್ಬ ಅದರ ಮೇಲಿನ ತೊಲೆಗೆ ಹತ್ತುತ್ತಾನೆ. ಒಬ್ಬನದರ ಮೇಲೆ ಇನ್ನೊಬ್ಬ ಬಳಿಯುತ್ತಾನೆ, ಅದಕ್ಕೆ ಹೊಡೆದಾಟವಾಗುತ್ತದೆ. ಪೊಲೀಸ್ ಠಾಣೆಯ ಗೋಡೆಯನ್ನೂ ಬಿಡದ ಆ ಪೋಕರಿಗಳು ಈ ಆರು ಸಾಲಿನ ಹತ್ತಿರ ಮಾತ್ರ ಬರುತ್ತಿರಲಿಲ್ಲ. ಒಂದು ಗೇಣು ದೂರದಲ್ಲೇ ನಿಲ್ಲಿಸುತ್ತಿದ್ದರು.

ಎರಡನೆಯ ಸಾಲು ಮುಗಿಯಿತು. ಉಜ್ಜಕ್ಕ ಬ್ರಷ್ಷನ್ನು ಅಜ್ಜಿಯ ಕಡೆ ಚಾಚಿದಳು.

"ಎಲ್ಲಿಗೇ ಹೊರಟೆ?" ಮೇಸ್ತ್ರಿ ರಸ್ತೆ ದಾಟಿ ಬಂದಿದ್ದ.

"ನೀರಿಗೆ."

"ನೀರಿಗೆ ಈ ಮುದಿಗೂಬೆ ಇಲ್ವಾ? ಅವಳು ಒಂದು ಸಾಲು ಉಜ್ಜೋಷ್ಟರಲ್ಲಿ ನನ್ನ ಮೊಮ್ಮಗನ ಮದುವೆ ಆಗುತ್ತೆ. ನಡಿ, ಉಜ್ಜು."

"ಸ್ವಾಮಿ, ಇದೊಂದು ಸಾಲು ನಾನು ಉಜ್ತೀನಿ," ಎಂದಳು ಅಜ್ಜಿ. "ಅವಳ ಕೈ ಸುಟ್ಟಿದೆ."

"ಕೈ ಸುಟ್ಟಿದ್ರೆ ಮನೇಲಿ ಮಲಗ್ಲಿ. ನಾಳೆಯಿಂದ ಬೇರೆಯೋಳು ಬರ್ತಾಳೆ." ಅವನು ಡಬ್ಬಿಯನ್ನು ಕಾಲಲ್ಲಿ ಅವಳತ್ತ ತಳ್ಳಿದ. "ಗೋಡೆಯೆಲ್ಲ ತೊಳೆಯೋಕೆ ಹೊತ್ತಿಲ್ಲ. ಅಕ್ಷರ ಎಷ್ಟಿದೆಯೋ ಅಷ್ಟು ತೆಗಿ. ನೀರು ಬೆರೆಸ್ಬೇಡ, ಗಟ್ಟಿ ಔಷಧೀನೇ ಹಾಕು."

ಹಳೆಯ ಕಪ್ಪು ಗೋಡೆಯನ್ನು ಉಜ್ಜುವುದಕ್ಕೆ ಒಂದು ಕ್ರಮವಿದೆ. ಅಕ್ಷರದ ಮೇಲೆ ಮಾತ್ರ ಬ್ರಷ್ ಓಡಿಸಬಾರದು. ಓಡಿಸಿದರೆ ಬಣ್ಣದ ಜತೆ ಅದರಡಿಯ ಮಸಿಯೂ ಹೋಗಿ, ಕರಿಯ ಗೋಡೆಯಲ್ಲಿ ಅಕ್ಷರದ ಆಕಾರಕ್ಕೇ ಬಿಳಿ ಉಳಿಯುತ್ತದೆ. ಗೋಡೆ ಹಲ್ಲು ಬಿಡ್ತು ಎನ್ನುತ್ತಾರೆ ಅದಕ್ಕೆ. ಹೊಸಬರು ಮಾಡುವ ತಪ್ಪು ಅದು. ಕೈ ತಿರುಗಿದವರು ಸುತ್ತು ಕೈಯಲ್ಲಿ, ಬಳಸಿ ಬಳಸಿ, ಎಲ್ಲಿ ಬರಹ ಎಲ್ಲಿ ಬರಿ ಗೋಡೆ ಎಂದು ತಿಳಿಯದ ಹಾಗೆ ಉಜ್ಜುತ್ತಾರೆ. ಮೊದಲೆರಡು ಸಾಲನ್ನು ಅವಳು ಹಾಗೆಯೇ ಉಜ್ಜಿದ್ದಳು.

ಮೂರನೆಯ ಸಾಲಿಗೆ ಬ್ರಷ್ ಇಟ್ಟಾಗ ಕೈ ಸುತ್ತಲಿಲ್ಲ. ಅವಳಿಗೆ ಬರೆಯಲು ಬರುತ್ತಿದ್ದ ಪದ ಅದೊಂದೇ. ಮಗಳು ಏಳನೆಯ ತರಗತಿಯಲ್ಲಿದ್ದಾಗ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು, ಅಮ್ಮನ ಬೆರಳು ಹಿಡಿದು ತಿದ್ದಿಸಿದ್ದಳು. "ನಿನ್ನ ಹೆಸರು ಕಲಿಸೇ ಮೊದ್ಲು" ಎಂದರೆ, "ನಿನ್ನ ಹೆಸರು ಯಾರಿಗೆ ಬೇಕಮ್ಮ, ನನ್ನದು ಕಲಿ, ನಾನು ಮುಂದೆ ದೊಡ್ಡೋಳಾಗ್ತೀನಿ" ಎಂದು ನಕ್ಕಿದ್ದಳು. ಈಗ ಕೈ ಆ ದಾರಿಯನ್ನೇ ಹಿಡಿಯಿತು. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ, ಕೊನೆಯಲ್ಲಿ ಕೊಂಬು. ಮೇಸ್ತ್ರಿ ಬೆನ್ನ ಹಿಂದೆ ನಿಂತೇ ಇದ್ದ. ಅವಳು ಮುಗಿಸಿದಳು. ಉಳಿದ ಮೂರು ಸಾಲನ್ನು ಮತ್ತೆ ಸುತ್ತು ಕೈಯಲ್ಲೇ ಉಜ್ಜಿದಳು.

ಬಿಸಿಲಿಗೆ ಗೋಡೆ ಒಣಗುತ್ತ ಬಂತು. ಐದು ಸಾಲುಗಳಿದ್ದ ಕಡೆ ಮಂಕು ಕಲೆಯಷ್ಟೇ ಇತ್ತು. ಮೂರನೆಯದು ಬೆಳ್ಳಗೆ, ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಎದ್ದು ನಿಂತಿತು. ಕೆಂಪಿನಲ್ಲಿದ್ದಾಗ ಅದು ಅಷ್ಟು ಸ್ಪಷ್ಟವಾಗಿರಲಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಗೇಟಿನಿಂದ ಓಡುತ್ತ ಬಂದ. ಅವನ ಕಣ್ಣು ಗೋಡೆಯ ಮೇಲೆ ಒಂದು ಗಳಿಗೆ ನಿಂತಿತು.

"ಯಾವ ಬೇವರ್ಸಿ ಮಾಡಿದ್ದು ಇದು?"

"ಹೊಸಬಳು ಸಾರ್," ಎಂದ ಮೇಸ್ತ್ರಿ. ಅವಳು ಬಂದು ಎಂಟು ತಿಂಗಳಾಗಿತ್ತು. "ಬುದ್ಧಿ ಇಲ್ಲ. ಇನ್ನೊಂದು ಸಲ ಉಜ್ಜಿಸ್ತೀನಿ."

ಉಜ್ಜಿಸಿದ. ಔಷಧಿ ಗಾರೆಯನ್ನೇ ತಿಂದಿತ್ತು. ಉಜ್ಜಿದಷ್ಟೂ ಹೆಸರು ಆಳಕ್ಕಿಳಿಯಿತು. ಅಷ್ಟರಲ್ಲಿ ರಸ್ತೆಯ ತಿರುವಿನಲ್ಲಿ ಕಾರುಗಳು ಕಂಡವು.

"ನಿಂತ್ಕೊ ಅಲ್ಲಿ," ಎಂದ ಮ್ಯಾನೇಜರ್. ಅವಳಿಗೆ ಅರ್ಥವಾಗಲಿಲ್ಲ. "ಅದರ ಮುಂದೆ ನಿಂತ್ಕೊಳೇ. ಬೆನ್ನು ಹಚ್ಚು. ಸೆರಗು ಅಗಲ ಮಾಡಿ ಹಿಡಿ. ಅವರು ಹೋಗೋವರೆಗೂ ಅಲ್ಲಾಡಿದ್ರೆ ನೋಡು."

ಅವಳು ನಿಂತಳು. ಸೆರಗಿನ ಎರಡು ಅಂಚನ್ನು ಎರಡು ಕೈಯಲ್ಲಿ ಚಾಚಿ, ಮಗಳ ಹೆಸರಿಗೆ ಬೆನ್ನು ಒತ್ತಿ. ಗೋಡೆಯ ಹಸಿ ಔಷಧಿ ರವಿಕೆಯ ಬಟ್ಟೆ ದಾಟಿ ಚರ್ಮಕ್ಕೆ ತಾಗಿತು. ಕಾರುಗಳಿಂದ ಇಳಿದವರು ಗೇಟು ನೋಡಿದರು, ಹೊಸ ಚಿಮಣಿ ನೋಡಿದರು, ನಗುತ್ತ ಏನೋ ಮಾತಾಡಿದರು. ಒಬ್ಬ ಮುದುಕ ಅವಳನ್ನು ನೋಡಿ, "ಬಟ್ಟೆ ಒಣಗಿಸ್ತಿದ್ದಾಳಾ?" ಎಂದು ಕೇಳಿದ. "ಹೂಂ ಸಾರ್, ಬಡವರು," ಎಂದ ಮ್ಯಾನೇಜರ್. ಹಿಂದೆ ಒಬ್ಬಳು ಹುಡುಗಿ ಮಾತ್ರ ನಿಂತು, ಅವಳ ಮುಖವನ್ನು ಬಿಡದೆ ನೋಡಿದಳು. ಆಮೇಲೆ ಫೋನೆತ್ತಿ ಫೋಟೋ ತೆಗೆದುಕೊಂಡಳು.

ಆ ಸಂಜೆ ಹಾಜರಿ ಮೆಷಿನ್ನಿಗೆ ಹೆಬ್ಬೆರಳು ಇಟ್ಟರೆ ಅದು ಕೆಂಪು ದೀಪ ತೋರಿಸಿತು. ನಾಲ್ಕು ಸಲ ಇಟ್ಟಳು. ಔಷಧಿಗೆ ಬೆರಳ ಗೆರೆಗಳೆಲ್ಲ ಸವೆದಿದ್ದವು.

"ನೀನು ಇಲ್ಲ ಅಂತಿದೆ ಕಣೇ ಮೆಷಿನ್ನು," ಎಂದು ಮೇಸ್ತ್ರಿ ನಕ್ಕ.

ಬಕೆಟ್ ಅಜ್ಜಿ ಮನೆತನಕ ಬಂದು ಅವಳ ಬೆನ್ನಿಗೆ ತಣ್ಣೀರು ಬಟ್ಟೆ ಹಾಕಿದಳು. "ಗುಳ್ಳೆ ಎದ್ದಿದೆ," ಎಂದಳು.

ಗೋಡೆಗೆ ಕಾವಲುಗಾರನನ್ನು ಹಾಕಿದರು. ಕೆಂಪು ಬಣ್ಣದವರು ಮತ್ತೆ ಬರಲಿಲ್ಲ. ಆದರೆ ಬಿಳಿಯ ಸಾಲು ಅಲ್ಲೇ ಇತ್ತು. ಆ ದಾರಿಯಲ್ಲಿ ಹೋಗುವವರು ಅದನ್ನು ಗಟ್ಟಿಯಾಗಿ ಓದುವುದು ಅವಳ ಕಿವಿಗೂ ಬಿದ್ದಿತ್ತು. ಇಪ್ಪತ್ತು ದಿನ ಅವಳ ಮಗಳು ಊರಿನಲ್ಲಿದ್ದಳು. ಇಪ್ಪತ್ತೊಂದನೆಯ ದಿನ ಮೇಸ್ತ್ರಿ ಬಂದು ಹೇಳಿದ: "ಅದೃಷ್ಟ ಖುಲಾಯಿಸ್ತು ಕಣೇ ನಿಂಗೆ. ಆ ಗೋಡೆ ಮೇಲೆ ನಿನ್ನ ಮೂತಿ ಬರೀತಾರಂತೆ."

ಫೋಟೋ ತೆಗೆದ ಹುಡುಗಿ ಊರೂರಿಗೆ ಹೆಸರಾದ ಚಿತ್ರಗಾರ್ತಿ. ದೊಡ್ಡ ಗೋಡೆಗಳ ಮೇಲೆ ದೊಡ್ಡ ಮುಖ ಬರೆಯುವವಳು. ಕಂಪನಿಯವರೇ ಕರೆಸಿದ್ದರು. ದುಡಿಯುವ ಹೆಣ್ಣಿನ ನಗುಮುಖ ಬೇಕು ಎಂದಿದ್ದರು. ಉಜ್ಜಕ್ಕನನ್ನು ಕುರ್ಚಿಯ ಮೇಲೆ ಕೂರಿಸಿ, ಬೆಳಕಿನ ಕಡೆ ಗಲ್ಲ ತಿರುಗಿಸಿ, ಹುಡುಗಿ ಹಾಳೆಯ ಮೇಲೆ ಪೆನ್ಸಿಲ್ ಆಡಿಸಿದಳು.

"ಸ್ವಲ್ಪ ನಗಿ ಅಕ್ಕ. ಮಕ್ಕಳಿದ್ದಾರಾ? ಅವರನ್ನ ನೆನೆಸ್ಕೊಳ್ಳಿ, ನಗು ತಾನೇ ಬರುತ್ತೆ."

ಬಾಗಿಲಲ್ಲಿ ಮೇಸ್ತ್ರಿ ನಿಂತಿದ್ದ.

"ಇಲ್ಲ," ಎಂದಳು ಉಜ್ಜಕ್ಕ.

"ಒಬ್ಬರೂ ಇಲ್ವಾ?"

"ಮಕ್ಕಳು ಆಗ್ಲೇ ಇಲ್ಲ."

ಕಂಪನಿ ಹೇಳಿದ್ದನ್ನೇ ತಾನೂ ಹೇಳಿದ್ದೆ ಎಂದು ಅವಳಿಗೆ ಹೊಳೆದದ್ದು ತುಸು ತಡವಾಗಿ.

ಮೇಸ್ತ್ರಿ ಚಹಾ ಕುಡಿಯಲು ಹೋದಾಗ ಅವಳು ಕೇಳಿದಳು: "ಅಮ್ಮಾ, ಅಲ್ಲೊಂದು ಹೆಸರಿದೆಯಲ್ಲ."

ಹುಡುಗಿಯ ಪೆನ್ಸಿಲ್ ನಿಂತಿತು. "ನೋಡಿದೀನಿ. ನಾನೂ ಮೊದ್ಲು ಕದ್ದು ಬರೆಯೋಳೇ ಅಕ್ಕ. ನಿಮ್ಮಂಥೋರು ಅಳಿಸಿದ್ದನ್ನ ಎಷ್ಟು ಸಲ ಮತ್ತೆ ಬರೆದಿದೀನೋ ಲೆಕ್ಕ ಇಲ್ಲ. ಸತ್ತೋರ ಹೆಸರಿನ ಮೇಲೆ ಬಣ್ಣ ಹಾಕಬಾರದು ಅಂತ ನಮ್ಮಲ್ಲೊಂದು ಕಟ್ಟುಪಾಡು." ಹಾಳೆಯನ್ನು ದೂರ ಹಿಡಿದು ನೋಡಿದಳು. "ನಾನು ಒಲ್ಲೆ ಅಂದ್ರೆ ಇನ್ನೊಬ್ಬರು ಮಾಡ್ತಾರೆ. ಗೋಡೆ ಅವರದು. ನಿಮ್ಮ ಮುಖ ಬಂದ್ರೆ ಅದೂ ಒಂದು ಗೌರವ ತಾನೇ?"

ಉಜ್ಜಕ್ಕ ಬಗ್ಗಿ ನೋಡಿದಳು. ಹಾಳೆಯ ಮೇಲೆ ಚೌಕ ಚೌಕವಾಗಿ ಗೆರೆ ಎಳೆದಿತ್ತು. ಗೋಡೆಯಲ್ಲಿ ಏನು ಎಲ್ಲಿ ಬರುತ್ತದೆಂದು ಅದರಿಂದ ತಿಳಿಯುತ್ತಿತ್ತು. ಮೂರನೆಯ ಸಾಲು ಬರುವ ಚೌಕಗಳಲ್ಲಿ ಅವಳ ಬಾಯಿ ಇತ್ತು. ಅವಳು ನಗದಿದ್ದರೂ ಹುಡುಗಿ ಅದನ್ನು ನಗಿಸಿದ್ದಳು.

ಬಣ್ಣಕ್ಕೆ ಮುಂಚೆ ಗೋಡೆ ತೊಳೆಯಬೇಕಿತ್ತು. ಅದಕ್ಕೂ ಉಜ್ಜಕ್ಕನೇ.

"ಸೋಪುಪುಡಿ ಹಾಕಿ ಪೂರ್ತಿ ಉಜ್ಜಿ, ಆಮೇಲೆ ಬರೀ ನೀರಲ್ಲಿ ಮೂರು ಸಲ ತೊಳೀಬೇಕು," ಎಂದು ಹುಡುಗಿ ಹೇಳಿಕೊಟ್ಟಳು. "ಸೋಪಿನ ಜಿಡ್ಡು ಉಳಿದ್ರೆ ಬಣ್ಣ ಗೋಡೆಗೆ ಕಚ್ಚಲ್ಲ. ಮೇಲ್ನೋಟಕ್ಕೆ ಚೆನ್ನಾಗೇ ಕಾಣುತ್ತೆ, ಒಂದೆರಡು ಮಳೆಗಾಲ ಬಿದ್ರೆ ಚಕ್ಕೆ ಚಕ್ಕೆ ಏಳುತ್ತೆ."

"ಗೊತ್ತಮ್ಮ," ಎಂದಳು ಉಜ್ಜಕ್ಕ.

ಬೆಳಗಿನ ಬಿಸಿಲಿನಲ್ಲಿ ಏಣಿ ಹಾಕಿ ಮೇಲಿನಿಂದ ಕೆಳಗೆ ಉಜ್ಜಿದಳು. ಬಕೆಟ್ ಅಜ್ಜಿ ಪೈಪು ಎಳೆದು ಎಳೆದು ಕೊಟ್ಟಳು. ಮೂರು ಸಲ ತೊಳೆದಾಗ ಗೋಡೆ ಶುದ್ಧವಾಗಿ, ಬಿಳಿಯ ಹೆಸರು ಧೂಳು ಕಳೆದು ಇನ್ನಷ್ಟು ಬೆಳ್ಳಗೆ ಕಂಡಿತು. ಮೇಸ್ತ್ರಿ ನೆರಳಿನಲ್ಲಿ ಫೋನು ನೋಡುತ್ತಿದ್ದ. ಹುಡುಗಿ ಡಬ್ಬಿಗಳ ಮುಚ್ಚಳ ಬಿಡಿಸುತ್ತಿದ್ದಳು. ಅಜ್ಜಿ ಪೈಪು ಸುತ್ತಿಕೊಂಡು ನಲ್ಲಿಯ ಕಡೆ ನಡೆದಳು.

ಉಜ್ಜಕ್ಕ ಏಣಿಯ ಕೆಳಮೆಟ್ಟಿಲಲ್ಲೇ ನಿಂತಿದ್ದಳು. ಏಣಿಯ ಕೊಕ್ಕೆಗೆ ಸಿಕ್ಕಿಸಿದ ಸಣ್ಣ ಬಕೆಟ್ಟಿನಲ್ಲಿ ಸೋಪು ಗಂಜಿಯ ಹಾಗೆ ದಪ್ಪಗೆ ತಳ ಹಿಡಿದಿತ್ತು. ಒಂದು ಮಳೆಗಾಲವೋ, ಎರಡೋ, ಐದೋ. ಬಣ್ಣ ಏಳುತ್ತದೋ ಇಲ್ಲವೋ. ಎದ್ದರೆ ಮತ್ತೆ ಯಾರನ್ನಾದರೂ ಕರೆಸಿ ಬಳಿಸುತ್ತಾರೆ. ಅಷ್ಟು ಹೊತ್ತಿಗೆ ತಾನು ಇರುತ್ತೇನೋ ಇಲ್ಲವೋ. ಇವನ್ನೆಲ್ಲ ಅವಳು ಒಂದೊಂದಾಗಿ ಯೋಚಿಸಿದಳು. ಅವಸರ ಮಾಡಲಿಲ್ಲ.

ಆಮೇಲೆ ಬ್ರಷ್ಷನ್ನು ತಳದವರೆಗೆ ಅದ್ದಿ, ಮೂರನೆಯ ಸಾಲಿನ ಮೇಲೆ ಆ ತುದಿಯಿಂದ ಈ ತುದಿಗೆ ಎಳೆದಳು. ಬಿಸಿಲು ನೊರೆಯನ್ನು ಕುಡಿಯುವವರೆಗೂ ಗೋಡೆಗೆ ಅಡ್ಡವಾಗಿ ನಿಂತಿದ್ದಳು.

"ಆಯ್ತೇನೇ?" ಮೇಸ್ತ್ರಿ ಕೂಗಿದ. "ಮೂರು ಸಲ ತೊಳೆದ್ಯಾ?"

"ನಾಲ್ಕು ಸಲ," ಎಂದಳು.

ಏಣಿಯಿಂದಿಳಿದು ಬಂದಾಗ ಅಜ್ಜಿ ಅವಳ ಮುಖ ನೋಡಿ, "ಏನಾಯ್ತೇ?" ಎಂದು ಮೆಲ್ಲಗೆ ಕೇಳಿದಳು.

"ಏನಿಲ್ಲ ಅಜ್ಜಿ. ಬಿಸಿಲು," ಎಂದು ಉಜ್ಜಕ್ಕ ಖಾಲಿ ಬಕೆಟ್ಟನ್ನು ಕವುಚಿ ಹಾಕಿದಳು.