ಆಲದಮರದಮ್ಮನ ಒಕ್ಕಲು

ಭಾನುವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಚೆನ್ನೈನ ವಡಪಳನಿಯಲ್ಲಿ ಮಾನಸ ಬಾಡಿಗೆಗಿದ್ದ ಎರಡನೇ ಮಹಡಿಯ ಮನೆಯಲ್ಲಿ, ಅವಳ ಮದುವೆಯ ಮಾತುಕತೆ ಮುರಿದುಬಿತ್ತು. ಯಾರೂ ಜಗಳವಾಡಿರಲಿಲ್ಲ. ಕೊಡುವ ತರುವ ಮಾತನ್ನು ಯಾರೂ ಎತ್ತಿರಲಿಲ್ಲ. ಜಾತಕ ಕೂಡಿತ್ತು, ಹುಡುಗ ಹುಡುಗಿ ತಾವಾಗಿಯೇ ಒಪ್ಪಿ ವರ್ಷವಾಗಿತ್ತು, ಕೇಸರಿಬಾತ್ ಕೂಡ ಹದವಾಗಿ ಬಂದಿತ್ತು. ಹುಡುಗನ ಅಜ್ಜಿ ಚಂದ್ರಮತಮ್ಮ ಫ್ಯಾನಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ಒಂದು ಪ್ರಶ್ನೆ ಕೇಳಿದರು, ಅಷ್ಟೆ.

“ನಿಮ್ ಮನೆದೇವ್ರು ಯಾರಮ್ಮ?”

“ಆಲದಮರದಮ್ಮ,” ಎಂದಳು ಸಾಕಮ್ಮ, ಕಾಫಿ ಲೋಟಗಳ ತಟ್ಟೆ ಹಿಡಿದುಕೊಂಡು, ಹೆಮ್ಮೆಯಿಂದಲೇ. “ನಮ್ಮೂರಲ್ಲೇ ಗುಡಿ. ಮೂರು ತಲೆಮಾರಿಂದ ಅವಳಿಗೇ ನಡ್ಕಂಡ್ ಬಂದಿದೀವಿ.”

ಅಜ್ಜಿ ಚಮಚ ಕೆಳಗಿಟ್ಟರು. “ನಮ್ದೂ ಅವಳೇ.”

ಒಂದೇ ಮನೆದೇವರ ಒಕ್ಕಲು ಎಂದರೆ ಇವರ ಕಡೆ ಅಣ್ಣತಮ್ಮಂದಿರು, ದಾಯಾದಿಗಳು. ಆ ಲೆಕ್ಕದಲ್ಲಿ ಸೋಫಾದ ಆ ತುದಿಯಲ್ಲಿ ಕೂತಿದ್ದ ವರುಣ್, ಈ ತುದಿಯಲ್ಲಿ ಕೂತಿದ್ದ ಮಾನಸಳಿಗೆ ಅಣ್ಣನಾಗಬೇಕು. ಅಣ್ಣ ತಂಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಸಾಕಮ್ಮ ಮತ್ತು ಅವಳ ಗಂಡ ತಿರುಮಲೇಶ ಆ ದಿನ ಬೆಳಿಗ್ಗೆಯಷ್ಟೇ ಮಳವಳ್ಳಿ ಕಡೆಯ ತಮ್ಮ ಹಳ್ಳಿಯಿಂದ ಬಸ್ಸು, ರೈಲು ಹಿಡಿದು ಬಂದಿಳಿದಿದ್ದರು. ಜೊತೆಗೆ ಒಂದು ಚೀಲ ತೆಂಗಿನಕಾಯಿ, ಒಂದು ಚೀಲ ರಾಗಿ ಹಿಟ್ಟು. ಮಗಳು ಎಗ್ಮೋರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ವರುಣ್ ಅಂಬತ್ತೂರಿನ ಕಾರ್ಖಾನೆಯೊಂದರಲ್ಲಿ ಇಂಜಿನಿಯರ್. ಅವನ ಅಪ್ಪ ಸತ್ಯನಾರಾಯಣ ರೈಲ್ವೆಯಿಂದ ನಿವೃತ್ತರು, ಅಮ್ಮ ಸುಗುಣಾ. ಮದರಾಸು ಚೆನ್ನೈ ಆಗುವ ಮೊದಲೇ ಬಂದು ನೆಲೆಸಿದ ಮನೆತನ. ಮಾತಿನಲ್ಲಿ ಕನ್ನಡ ಎಷ್ಟೋ ತಮಿಳೂ ಅಷ್ಟೇ.

“ಫೋನಲ್ಲಿ ತಿರುಪತಿ ತಿಮ್ಮಪ್ಪ ಅಂದಿದ್ರಲ್ಲಮ್ಮ?” ಸಾಕಮ್ಮ ಸುಗುಣಾ ಕಡೆ ತಿರುಗಿ ಕೇಳಿದಳು.

“ಆಮಾ, ಹೌದು, ಹಾಗೇ ಅಲ್ವಾ? ನಾನು ಮದುವೆಯಾಗಿ ಬಂದಾಗಿಂದ ತಿರುಪತಿಗೇ ಹೋಗ್ತಿರೋದು.” ಸುಗುಣಾ ಅತ್ತೆಯನ್ನು ನೋಡಿದರು. “ಎನ್ನ ಇದು ಅತ್ತೆ, ಏನಿದು? ಇವತ್ತು ಹೇಳ್ತೀರಾ?”

“ಕೇಳಿದ್ರೆ ತಾನೆ ಹೇಳೋದು?” ಎಂದರು ಅಜ್ಜಿ. “ನಿಮ್ಮ ಮಾವ ರೈಲ್ವೆ ಕೆಲಸ ಅಂತ ಪೆರಂಬೂರಿಗೆ ಬಂದ್ರು. ಊರಿಗೆ ಹೋಗೋಣ ಅಂದ್ರೆ ಲೀವ್ ಇಲ್ಲ. ತಿರುಪತಿಗೆ ಬಸ್ ಇತ್ತು. ಸತ್ಯನ ಮುಡಿ ಅಲ್ಲೇ ಕೊಟ್ವಿ. ಬಸ್ ಇದೆ ಅಂತ ತಿಮ್ಮಪ್ಪ ಮನೆದೇವ್ರು ಆಗ್ಬಿಡ್ತಾನಾ?”

ಸತ್ಯನಾರಾಯಣ ತಲೆ ತಗ್ಗಿಸಿದರು. ಅರವತ್ತು ದಾಟಿದ ಮೇಲೆ, ನೆಂಟರ ಎದುರಿಗೆ, ತಮ್ಮ ಮನೆದೇವರು ಯಾರೆಂದು ತಿಳಿಯುವುದು ಸುಲಭದ ಮಾತಲ್ಲ.

“ಪಾಟಿ, ಇದನ್ನೆಲ್ಲ ಇಪ್ಪೋ, ಈ ಕಾಲದಲ್ಲಿ, ಯಾರು ನೋಡ್ತಾರೆ?” ಎಂದ ವರುಣ್ ಅಜ್ಜಿಗೆ.

“ನಾನ್ ನೋಡ್ತೀನಿ. ಇನ್ನೂ ಇದೀನಲ್ಲ.”

ಮಾನಸ ವರುಣ್‌ಗೆ ಮೊದಲೇ ಹೇಳಿದ್ದಳು: ಎರಡೂ ಮನೆಯವರು ಒಪ್ಪಿದರೆ ಮದುವೆ, ಇಲ್ಲದಿದ್ದರೆ ಇಲ್ಲ, ಕದ್ದು ರಿಜಿಸ್ಟರ್ ಮಾಡಿಕೊಳ್ಳುವ ಮಾತು ಬೇಡ. ಈಗ ಅವಳು ಉಗುರು ನೋಡಿಕೊಳ್ಳುತ್ತ ಕೂತಿದ್ದಳು. ಮಗಳು ಉಗುರು ನೋಡಿಕೊಳ್ಳುವುದು ಯಾವಾಗ ಎಂದು ಸಾಕಮ್ಮನಿಗೆ ಗೊತ್ತು. ಅಳು ಬಂದಾಗ.

ಈ ಗಂಟನ್ನು ಬಿಚ್ಚುವ ಮಾತೂ ಸಾಕಮ್ಮನಿಗೆ ಗೊತ್ತಿತ್ತು. ಅದನ್ನು ಆಡುವಂತಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ತಿರುಮಲೇಶ ಕೇಸರಿಬಾತಿನ ದ್ರಾಕ್ಷಿಯನ್ನು ಕೊನೆಗೆಂದು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಳ್ಳುತ್ತಿದ್ದ.

“ಇವ್ರೇ, ಒಸಿ ಒಳಕ್ಕೆ ಬನ್ನಿ. ಹಾಲು ಉಕ್ತಾ ಅದೆ,” ಎಂದಳು.

ಒಲೆಯ ಮೇಲೆ ಹಾಲು ಇರಲಿಲ್ಲ.

ವಿಷಯ ಇಷ್ಟು. ಆಲದಮರದಮ್ಮ ಸಾಕಮ್ಮನ ತವರಿನ ದೇವರು. ಅವಳಿಗೆ ತವರೂ ಗಂಡನ ಮನೆಯೂ ಒಂದೇ. ಅವಳು ಒಬ್ಬಳೇ ಮಗಳು. ಅಪ್ಪನಿಗೆ ನಾಲೆ ಬಯಲಿನಲ್ಲಿ ನಾಲ್ಕು ಎಕರೆ ಇತ್ತು, ಗಂಡು ದಿಕ್ಕಿರಲಿಲ್ಲ. ಶಿಂಷಾ ಹೊಳೆಯ ಆಚೆ ಹುಲಿಕಟ್ಟೆಯಲ್ಲಿ ಒಂದೂವರೆ ಎಕರೆಗೆ ಮೂವರು ಗಂಡುಮಕ್ಕಳಿದ್ದ ಮನೆಯಿಂದ ಕೊನೆಯವನನ್ನು ಕೇಳಿ ತಂದ. ಸಾವಿರದ ಒಂಬೈನೂರ ಎಂಬತ್ತೊಂಬತ್ತರಲ್ಲಿ ತಿರುಮಲೇಶ ಒಂದು ಟ್ರಂಕು, ಒಂದು ಕುಡುಗೋಲು ಹಿಡಿದುಕೊಂಡು ಮನೆ ಅಳಿಯನಾಗಿ ಬಂದ.

ಮಾವ ಕಬ್ಬಿನವನು. ಅಳಿಯನಿಗೆ ರೇಷ್ಮೆ ಹುಚ್ಚು. ಮೂರನೇ ವರ್ಷ ಒಂದು ಎಕರೆ ಕಬ್ಬು ಅಗೆದು ಹಿಪ್ಪುನೇರಳೆ ನೆಟ್ಟಾಗ ಮಾವ ಒಂದು ಬೆಳೆಯಷ್ಟು ಕಾಲ ಅವನೊಡನೆ ಮಾತು ಬಿಟ್ಟ. ಏನಾದರೂ ಹೇಳಬೇಕಾದರೆ ಎತ್ತಿಗೆ ಹೇಳುತ್ತಿದ್ದ, ಅಳಿಯನಿಗೆ ಕೇಳುವ ಹಾಗೆ. ಮೊದಲ ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಒಳ್ಳೆಯ ದರಕ್ಕೆ ಹೋದ ದಿನ ಎತ್ತಿನ ಮಧ್ಯಸ್ಥಿಕೆ ಮುಗಿಯಿತು. ಆಮೇಲೆ ಮಾವ ಸಾಯುವವರೆಗೂ ಅವನನ್ನೇ ಕೇಳಿ ನೀರು ಕಟ್ಟುತ್ತಿದ್ದ.

ಊರಿಗೆ ಮಾತ್ರ ಅವನು ಅಳಿಯನೇ. ಒಂದು ಮದುವೆ ಊಟದಲ್ಲಿ ದೂರದ ನೆಂಟನೊಬ್ಬ ಪಂಕ್ತಿಯ ಮಧ್ಯೆ ನಿಂತು, “ಅಳಿಯಂದ್ರಿಗೆ ಪಾಯಸ ಜಾಸ್ತಿ ಬಡ್ಸಿ, ನಾಳೆ ಮಾವನ ಗದ್ದೆ ಉಳಬೇಕಲ್ಲ” ಎಂದ. ಎಲ್ಲರೂ ನಕ್ಕರು. ತಿರುಮಲೇಶನೂ ನಕ್ಕು, ಬಡಿಸಿದ ಪಾಯಸವನ್ನೆಲ್ಲ ಉಂಡ. ಎದುರು ಸಾಲಿನಲ್ಲಿದ್ದ ಸಾಕಮ್ಮ ಎಲೆ ಮಡಿಸಿ ಎದ್ದಳು. ಅಂದಿನಿಂದ ಊರ ಗಡಿ ದಾಟಿದರೆ ಅವಳ ಮಾತೇ ಬೇರೆ. ಅದು ಗಂಡನ ಮನೆ, ಗಂಡನ ಜಮೀನು, ತಾನು ಸೊಸೆ. ಹೋದ ತಿಂಗಳು ಸುಗುಣಾ ಜೊತೆ ಫೋನಿನಲ್ಲಿ ಮಾತಾಡುವಾಗಲೂ, “ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಕೊಟ್ಟಿಗೇಲಿ ಎಂಟು ಎಮ್ಮೆ” ಎಂದು ಶುರು ಮಾಡಿದವಳು ಕಾಲು ಗಂಟೆ ಸೊಸೆಯಾಗಿಯೇ ಇದ್ದಳು.

ಮಾನಸಳಿಗೆ ಅಪ್ಪ ಮನೆ ಅಳಿಯ ಎಂದು ಗೊತ್ತಿತ್ತು. ಅದಕ್ಕೂ ಮನೆದೇವರ ಲೆಕ್ಕಕ್ಕೂ ಸಂಬಂಧವಿದೆ ಎಂದು ಹೊಳೆದಿರಲಿಲ್ಲ. ಮಕ್ಕಳ ಕುಲ ಅಪ್ಪನದು. ಅಪ್ಪನ ಮನೆದೇವರು ಹುಲಿಕಟ್ಟೆಯ ಗುಡ್ಡದ ಭೈರವ.

“ಏನ್ ಮಾಡದು ಈಗ?” ಸಾಕಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು.

“ಇರದ್ ಹೇಳದು.”

“ಅಷ್ಟು ಜನದ ಮುಂದೆ ನಿಮ್ಮನ್ನ ಮನೆ ಅಳಿಯ ಅನ್ಲಾ?”

“ಮತ್ತೇನು, ಬಾಡಿಗೆ ಅಳಿಯ ಅಂತೀಯಾ?”

“ನಗ್ಬ್ಯಾಡಿ. ನಾನು ಆ ಮನೆಗೆ ಸೊಸೆಯಾಗಿ ಬಂದೋಳು ಅಂತ ಆಯಮ್ಮಂಗೆ ಹೇಳ್ಬುಟ್ಟಿವ್ನಿ.”

ತಿರುಮಲೇಶ ಖಾಲಿ ಒಲೆಯ ಕಡೆ ನೋಡಿದ. “ನಿಮ್ಮವ್ವಂಗೆ ನೀನೇ ಸೊಸೆಯಾ? ಅದ್ಕೇ ಇಬ್ರೂ ಹಂಗ್ ಕಿತ್ತಾಡ್ತಿದ್ರಿ.”

“ನಿಮ್ಮ ಮರ್ಯಾದೆ ಉಳೀಲಿ ಅಂತಲೇ ನಾನು—”

“ನನ್ ಮರ್ಯಾದೆ ಹಿಪ್ಪುನೇರಳೆ ಸೊಪ್ಪು ಕಣೆ, ಕೊಯ್ದಷ್ಟೂ ಚಿಗುರ್ತದೆ. ಹೋಗಿ ಹೇಳು. ಮಗು ಆಗ್ಲಿಂದ ಉಗುರು ನೋಡ್ಕಂಡ್ ಕೂತದೆ.”

ಅವನೂ ಅದನ್ನು ಗಮನಿಸಿದ್ದ.

ಸಾಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದಳು. ಕೂರಲಿಲ್ಲ. “ಸುಗುಣಮ್ಮ, ನಾನು ನಿಮಗೆ ಸೊಸೆ ಕತೆ ಹೇಳಿದ್ನಲ್ಲ, ಅದು ಸುಳ್ಳು. ಆ ಮನೆ ನಮ್ಮಪ್ಪಂದು. ಇವ್ರು ಮನೆ ಅಳಿಯ. ಆಲದಮರದಮ್ಮ ನನ್ ತವರಿನ ದೇವ್ರು, ಇವ್ರದ್ದು ಗುಡ್ಡದ ಭೈರವ,” ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದಳು.

“ಅಪ್ಪಾಡಾ,” ಎಂದು ಸುಗುಣಾ ಉಸಿರು ಬಿಟ್ಟರು. “ಎಂಟು ಎಮ್ಮೆ?”

“ಎಮ್ಮೆ ನಿಜ.”

ವರುಣ್ ಆಗಲೇ ಸೋಫಾದಲ್ಲಿ ಒಂದು ಗೇಣು ಮಾನಸಳ ಕಡೆ ಸರಿದಿದ್ದ. ಸತ್ಯನಾರಾಯಣ ಮಾತ್ರ ಕನ್ನಡಕ ತೆಗೆದು ಒರೆಸತೊಡಗಿದರು. ನಿಯಮ ಓದಿ, ನಿಯಮದಂತೆ ಸಹಿ ಹಾಕಿ ನಿವೃತ್ತರಾದವರು.

“ತಪ್ಪು ತಿಳ್ಕೋಬೇಡಿ ತಿರುಮಲೇಶ್. ಒಂದು ಡೌಟು. ನೀವು ಇಷ್ಟು ವರ್ಷ ಆ ದೇವರಿಗೇ ನಡ್ಕೊಂಡಿದೀರಿ. ಮಗಳ ಮುಡೀನೂ ಅಲ್ಲೇ ಕೊಟ್ಟಿರ್ಬೇಕು. ಒಂಥರಾ ಆ ಮನೆಗೆ ದತ್ತು ಹೋದ ಹಾಗೆ ಆಗಲಿಲ್ವಾ?”

“ಸ್ವಾಮಿ, ನಿಮಗೆ ತಿರುಪತಿ ಬಸ್ಸು ಹೆಂಗೋ ನನಗೆ ಮಾವನ ಗಾಡಿ ಹಂಗೆ,” ಎಂದ ತಿರುಮಲೇಶ. “ಇತ್ತು, ಹತ್ತಿದೆ.”

ಸತ್ಯನಾರಾಯಣರೂ ನಗಬೇಕಾಯಿತು. ಎಲ್ಲರೂ ನಕ್ಕರು. ಚಂದ್ರಮತಮ್ಮ ನಗಲಿಲ್ಲ.

“ಮುಡಿ ಎಲ್ಲಾದ್ರೂ ಕೊಡ್ಲಿ, ಕೂದಲು ಮತ್ತೆ ಬರತ್ತೆ,” ಎಂದರು. “ಹಿರಿಯರ ಹಬ್ಬಕ್ಕೆ ಎಡೆ ಯಾರಿಗೆ ಇಡ್ತೀಯಪ್ಪ? ಮಾವಂಗೆ ಮಾತ್ರ ಇಟ್ಟಿದ್ರೆ ನೀನು ಆ ಮನೆ ಮಗನೇ. ಮಗ ಆದ್ರೆ ನಮಗೆ ದಾಯಾದಿ. ಎಡೆ ತಪ್ಪಿಸಿದೋನಿಗೆ ಹುಟ್ಟಿದ ಮನೆ ಇಲ್ಲ.”

ಪ್ರತಿ ವರ್ಷ ಮಹಾಲಯ ಅಮಾವಾಸ್ಯೆಗೆ ಆ ಎಡೆಯ ಅಡುಗೆ ಮಾಡುವವಳು ಸಾಕಮ್ಮನೇ. ಬಾಳೆ ಎಲೆ ಹಾಸಿ, ಹೊಸ ಪಂಚೆ, ಹೊಸ ಸೀರೆ ಇಟ್ಟು, ಕಡುಬು, ವಡೆ, ಕೋಳಿ ಸಾರು ಬಡಿಸಿ ಬಾಗಿಲು ಮುಚ್ಚಿ, ಸತ್ತವರು ಉಂಡುಹೋಗಲೆಂದು ಹೊರಗೆ ಕಾಯುತ್ತಿದ್ದರು. ಎರಡು ಎಲೆ. ಒಂದು ಅವಳ ಅಪ್ಪನಿಗೆ, ಒಂದು ಅವ್ವನಿಗೆ. ಮೂರನೆಯದು ಯಾವತ್ತೂ ಇರಲಿಲ್ಲ. ಗಂಡ ಕೇಳಿರಲಿಲ್ಲ, ಅವಳಿಗೂ ತೋಚಿರಲಿಲ್ಲ. ಅವನ ಅಪ್ಪನಿಗೆ ಹುಲಿಕಟ್ಟೆಯಲ್ಲಿ ಭಾವಂದಿರು ಇಡುತ್ತಾರೆ ಎಂದುಕೊಂಡಿದ್ದಳು.

“ಅತ್ತೆ ಮಾವಂಗೆ ಮನೇಲಿ,” ಎಂದ ತಿರುಮಲೇಶ. “ನಮ್ಮಪ್ಪಂಗೆ ಪಂಪ್‌ಸೆಟ್ ಮನೇಲಿ.”

ಸಾಕಮ್ಮ ತಿರುಗಿ ನೋಡಿದಳು. ಅವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಅದೇನಿದ್ದರೂ ಅವಳ ಖಾತೆ.

“ಯಾವಾಗ?” ಎಂದಳು.

“ಕಾಗೆಗೆ ಇಟ್ಟು ಬತ್ತೀನಿ ಅಂತ ಓಯ್ತಿರ್ಲಿಲ್ವಾ?”

ಹೋಗುತ್ತಿದ್ದ. ಪ್ರತಿ ವರ್ಷ, ಮನೆಯವರು ಊಟಕ್ಕೆ ಕೂರುವ ಮೊದಲು, ತುಂಬಿದ ಎಲೆಯೊಂದನ್ನು ಮಡಿಸಿ ಹಿಡಿದು ಗದ್ದೆ ಕಡೆ ಹೋಗುತ್ತಿದ್ದ. ಕಾಗೆಗೆ ಎರಡು ವಡೆ ಸಾಲದೇ, ಕೋಳಿ ತೊಡೆ ಯಾಕೆ ಎಂದು ಅವಳು ಬೈಯುತ್ತಿದ್ದಳು. ಹಿಂದಿರುಗಲು ಹೊತ್ತಾದರೆ ಅದಕ್ಕೂ ಬೈಯುತ್ತಿದ್ದಳು.

“ಹೊಸ ಬಟ್ಟೆ?” ಅಜ್ಜಿ ಬಿಡಲಿಲ್ಲ.

“ಒಂದು ಟವಲ್ಲು. ಒಂದು ಕಟ್ಟು ಬೀಡಿ. ನಮ್ಮಪ್ಪಂಗೆ ಊಟಕ್ಕಿಂತ ಬೀಡಿ ಮುಖ್ಯ.”

“ಮನೇಲೇ ಇಡ್ಬೋದಿತ್ತಲ್ಲ,” ಎಂದಳು ಸಾಕಮ್ಮ. ದನಿ ಅವಳು ಅಂದುಕೊಂಡದ್ದಕ್ಕಿಂತ ಮೆತ್ತಗೆ ಬಂತು. “ನಾನೇನ್ ಬ್ಯಾಡ ಅಂತಿದ್ನಾ?”

“ನೀನು ಅಂತಿರ್ಲಿಲ್ಲ. ನಿಮ್ಮಪ್ಪ ಮಗನ್ನ ಕಿತ್ಕಂಡೋದ ಅಂತ ನಮ್ಮಪ್ಪ ಸಾಯೋಗಂಟ ಬೈತಿದ್ದ. ಇಬ್ರನ್ನೂ ಅಕ್ಕಪಕ್ಕ ಕೂರ್ಸಿ ಬಾಗ್ಲು ಮುಚ್ಚಿದ್ರೆ ಇಬ್ರೂ ಉಣ್ತಿರ್ಲಿಲ್ಲ ಕಣೆ. ಅದ್ಕೇ ದೂರ ದೂರ.”

ಇಷ್ಟು ವರ್ಷ ಅವನ ಮಾನ ಕಾಯುವುದರಲ್ಲೇ ಇದ್ದವಳಿಗೆ, ಅವನಿಗೂ ಒಬ್ಬ ಅಪ್ಪ ಇದ್ದ ಎಂಬುದು ಮರೆತೇಹೋಗಿತ್ತು. ಸಾಕಮ್ಮ ಅವನ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು.

ಚಂದ್ರಮತಮ್ಮ ತಟ್ಟೆ ಮತ್ತೆ ಎತ್ತಿಕೊಂಡು ಒಂದು ಚಮಚ ಕೇಸರಿಬಾತ್ ತಿಂದರು.

“ಹಾಗಾದ್ರೆ ಇವನು ಭೈರವನ ಒಕ್ಕಲೇ. ಹೊರಗಿನೋನು, ಒಳ್ಳೇದಾಯ್ತು. ಹುಡುಗೀನೂ ಭೈರವನ ಒಕ್ಕಲು.” ಸಾಕಮ್ಮನ ಕಡೆ ಚಮಚ ತೋರಿಸಿದರು. “ಆದ್ರೆ ಇವಳು ಆಲದಮರದಮ್ಮನ ಮನೇಲಿ ಹುಟ್ಟಿದೋಳು. ಇವಳು ನಮ್ಮ ಮನೆ ಹೆಣ್ಮಗಳು. ಏನೋ ಸತ್ಯ, ಇವಳು ನಿನಗೆ ಏನಾಗ್ಬೇಕು?”

ಸತ್ಯನಾರಾಯಣ ಮನಸ್ಸಿನಲ್ಲೇ ಕೂಡಿಸಿ ಕಳೆದರು. “ತಂಗಿ?”

“ತಂಗಿ ಮಗಳು ನಿನ್ನ ಮಗನಿಗೆ?”

“ಸೋದರತ್ತೆ ಮಗಳು.”

“ಅದಕ್ಕಿಂತ ಕೊಡು ತಗೊಳೋ ಸಂಬಂಧ ಇನ್ಯಾವುದಿದೆ? ನಾವು ಜಾಹೀರಾತು ಕೊಟ್ಟು ಹುಡುಕಿದ್ರೂ ಸಿಗ್ತಿರ್ಲಿಲ್ಲ.”

ಅರ್ಧ ಗಂಟೆಯ ಹಿಂದೆ ಅಣ್ಣ ತಂಗಿಯಾಗಿದ್ದವರು ಅದೇ ದೇವರ ದೆಸೆಯಿಂದ ಮದುವೆಯಾಗಲೇಬೇಕಾದವರಾದರು. ಮಾನಸ ಉಗುರು ಬಿಟ್ಟು ತಲೆಯೆತ್ತಿದಳು. “ಅಮ್ಮಾ, ಈಗ ಫೈನಲ್ಲಾ, ಇಲ್ಲ ಇನ್ನೊಂದು ದೇವ್ರು ಇದೆಯಾ?”

“ಇದೆ,” ಎಂದರು ಅಜ್ಜಿ. “ನಿಮ್ಮಪ್ಪ ಮೊದಲು ಭೈರವನಿಗೆ ಪೂಜೆ ಮಾಡಿಸ್ಕೊಂಡು ಬರ್ಲಿ. ಮೂವತ್ತು ವರ್ಷದ ಬಾಕಿ ಇದೆ. ಆಮೇಲೆ ವೀಳ್ಯ ಬದಲಾಯಿಸೋಣ.”

“ನಾವು?” ಸುಗುಣಾ ಕೇಳಿದರು. “ನಾವೂ ಆಲದಮರದಮ್ಮನಿಗೆ ಹೋಗ್ಬೇಕಾ? ವಳಿ ಕೂಡ ಗೊತ್ತಿಲ್ಲ.”

“ದಾರಿ ನಾನ್ ತೋರಿಸ್ತೀನಿ ಬನ್ನಿ ಅತ್ತಿಗೆ,” ಎಂದಳು ಸಾಕಮ್ಮ. ಒಡಹುಟ್ಟಿದವರಿಲ್ಲದ ಅವಳು ಯಾರನ್ನಾದರೂ ಹಾಗೆ ಕರೆದದ್ದು ಅದೇ ಮೊದಲು. “ಗುಡಿ ನಮ್ಮನೆ ಹಿಂದ್ಲೇ ಅದೆ. ಉಳ್ಕಳಕ್ಕೆ ನಿಮ್ ತವರು— ಅಲ್ಲ, ನಿಮ್ಮ ಯಜಮಾನ್ರ ತಂಗಿ ಮನೆ.”

“ಅಂದ್ರೆ ನನ್ ಮನೆ ಅಲ್ಲ,” ಎಂದ ತಿರುಮಲೇಶ ಸತ್ಯನಾರಾಯಣರಿಗೆ. “ನೋಡಿದ್ರಾ ಭಾವ, ಈಗ ನಿಮ್ ಎದುರಿಗೂ ನಾನು ಅಳಿಯನೇ.”

ಎರಡನೇ ಸಲ ಕಾಫಿ ಬಂತು. ಆರು ಗಂಟೆಗೆ ಮುರುಗನ ಗುಡಿಯ ಕಡೆಯಿಂದ ನಾದಸ್ವರ ಕೇಳಿಸುವ ಹೊತ್ತಿಗೆ ಅವರು ಊಟದ ಮಾತಿಗೆ ಬಂದಿದ್ದರು: ಮುದ್ದೆ ಬೇಕು ಎಂದು ಒಂದು ಕಡೆ, ಸಾಂಬಾರ್ ಸಾದಂ ಸಾಕು ಎಂದು ಇನ್ನೊಂದು ಕಡೆ. ಅದು ತೀರ್ಮಾನವಾಗಲಿಲ್ಲ.

ಹತ್ತು ದಿನದ ನಂತರ ತಿರುಮಲೇಶ ಹೆಂಡತಿ ಮಗಳನ್ನು ಕರೆದುಕೊಂಡು ಶಿಂಷಾ ಸೇತುವೆ ದಾಟಿ ಹುಲಿಕಟ್ಟೆಗೆ ಹೋದ. ಅವನ ದೊಡ್ಡಣ್ಣ ಜಗುಲಿಯಿಂದ ಎದ್ದುಬಂದು ಮೂವರ ಕಾಲಿಗೂ ತಾನೇ ನೀರು ಕೊಟ್ಟ. ಭೈರವನ ಪೂಜೆ ಮಧ್ಯಾಹ್ನದೊಳಗೆ ಮುಗಿಯಿತು. ವೀಳ್ಯಶಾಸ್ತ್ರ ಅದರ ಮುಂದಿನ ಭಾನುವಾರ ಅಂಬತ್ತೂರಿನಲ್ಲಿ, ವರುಣ್ ಮನೆಯಲ್ಲಿ ನಡೆಯಿತು.