ಕಾತಾ ಕೂಡಿಸದೆ ಬಿಟ್ಟ ಬಳೆ

೧

ಎಲ್ಲಿಂದ ಶುರು ಮಾಡಲಿ? ನೇರವಾಗಿ ಹೇಳುತ್ತೇನೆ, ನನಗೆ ಗೊತ್ತಿಲ್ಲ. ಮೊದಲ ಡ್ರಾಫ್ಟನ್ನು ಯುದ್ಧದಿಂದ ಶುರು ಮಾಡಿದ್ದೆ. ಹಿಮ, ಹೊಗೆ, ದೂರದಲ್ಲಿ ಗುಂಡಿನ ಸದ್ದು. ನಮ್ಮ ಬೋಸ್ನಿಯಾದ ಕಥೆ ಎಂದ ಕೂಡಲೇ ಗುಂಡು ಹಾರಲೇಬೇಕು ಎಂದು ಯಾರು ಅಪ್ಪಣೆ ಕೊಟ್ಟಿದ್ದಾರೋ. ಹರಿದು ಹಾಕಿದೆ. ಎರಡನೆಯ ಡ್ರಾಫ್ಟು ಸೂಜಿಯಿಂದ ಶುರುವಾಯಿತು. ಸೂಜಿಯ ಬಗ್ಗೆ ಒಂದೂವರೆ ಪುಟ ಬರೆದೆ. ಅಷ್ಟು ವರ್ಣನೆಯಲ್ಲಿ ಸೂಜಿ ಎಲ್ಲಿ ಬಿದ್ದುಹೋಯಿತೋ, ಹುಡುಕಿದರೂ ಸಿಗಲಿಲ್ಲ.

ಆದ್ದರಿಂದ ಈಗ ಒಂದು ಕೈಯಿಂದ ಶುರು ಮಾಡುತ್ತೇನೆ. ಬಲಗೈ. ಟ್ರಾವ್ನಿಕ್ ಪೇಟೆಯ ಹಚ್ಚೆ ಅಂಗಡಿಯಲ್ಲಿ, ಮೇಜಿನ ಮೇಲೆ, ಅಂಗೈ ಕೆಳಗಾಗಿ ಇಟ್ಟಿದೆ. ಎಂಬತ್ತರ ಹತ್ತಿರ ಬಂದಿರುವ ಯೇಲಾ ಅಜ್ಜಿಯದು. ಕೈಯ ಮೇಲೆ ನೀಲಿಗಟ್ಟಿದ ಒಂದು ಶಿಲುಬೆ, ಅದರ ತುದಿಗಳಲ್ಲಿ ಚಿಕ್ಕ ಚಿಕ್ಕ ಕೊಂಬೆ, ಸುತ್ತಲೂ ಬಳೆಯಂತೆ ಒಂದು ಗೆರೆ. ಬಳೆ ಪೂರ್ತಿ ಇಲ್ಲ. ಮಣಿಕಟ್ಟಿನ ಕಡೆ ಒಂದು ಬೆರಳಗಲ ಕೂಡದೆ ಉಳಿದಿದೆ.

"ಇದನ್ನ ಮುಚ್ಚಿಬಿಡು ಮಗಾ," ಎಂದಳು ಯೇಲಾ.

೨

ಹಚ್ಚೆಯವನ ಹೆಸರು ಬ್ಲಾಜ್. ಅವನ ಅರ್ಧ ಕೆಲಸ ಮುಚ್ಚುವುದೇ. ಬಿಟ್ಟುಹೋದ ಹುಡುಗಿಯ ಹೆಸರಿನ ಮೇಲೆ ಹದ್ದು, ಸೈನ್ಯದಲ್ಲಿ ಕುಡಿದು ಹಾಕಿಸಿಕೊಂಡ ನಂಬರಿನ ಮೇಲೆ ಮೀನು. ಉಳಿದ ಅರ್ಧ, ಈಗಿನ ಹುಡುಗಿಯರು. ತಮ್ಮ ಅಜ್ಜಿಯ ಕೈಯ ಫೋಟೋ ಹಿಡಿದುಕೊಂಡು ಬರುತ್ತಾರೆ, ಇದೇ ಶಿಲುಬೆ, ಇದೇ ಕೊಂಬೆ, ಇದೇ ಬಳೆ ನಮಗೂ ಬೇಕು ಎನ್ನುತ್ತಾರೆ. ಮುಚ್ಚಿಸಿಕೊಳ್ಳಲು ಬಂದ ಮೊದಲ ಅಜ್ಜಿ ಇವಳು.

(ಓದುಗರೇ, ಇಲ್ಲೊಂದು ವ್ಯಂಗ್ಯವಿದೆ ಎಂದು ಬೆರಳು ಮಾಡಿ ತೋರಿಸುವ ಕೆಟ್ಟ ಚಾಳಿ ನನಗಿಲ್ಲ. ತೋರಿಸಿಯೇಬಿಟ್ಟೆ ನೋಡಿ. ಇರಲಿ.)

ಬ್ಲಾಜ್ ಕಾಫಿ ಕಾಸಿ ತಂದು ಮುಂದಿಟ್ಟು ಸಮಾಧಾನವಾಗಿ ವಿವರಿಸಿದ. ಮುಚ್ಚುವುದು ಎಂದರೆ ಅಳಿಸುವುದಲ್ಲ. ಹಳೆಯ ಮಸಿ ಕೆಳಗೆ ಹಾಗೇ ಇರುತ್ತದೆ. ಮೇಲೆ ಹಾಕುವುದು ಅದಕ್ಕಿಂತ ದೊಡ್ಡದಾಗಿರಬೇಕು, ಕಪ್ಪಾಗಿರಬೇಕು. ಈ ವಯಸ್ಸಿನ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ, ಒಂದೇ ಸಲಕ್ಕೆ ತಡೆಯುವುದಿಲ್ಲ. ಮೊದಲು ಮೇಲಿನ ಅರ್ಧಕ್ಕೆ ಗುಲಾಬಿ ಎಲೆ ಹಾಕೋಣ, ಗಾಯ ಆರಲಿ, ಆಮೇಲೆ ಉಳಿದರ್ಧ. ಇಷ್ಟು ಹೇಳಿ, ತಡೆಯಲಾರದೆ ಕೇಳಿದ:

"ಅಜ್ಜೀ, ಶಿಲುಬೆ ಮುಚ್ಚಿಸ್ತೀರಲ್ಲ, ಮನಸ್ಸಿಗೆ ಏನೂ ಅನ್ಸಲ್ವಾ?"

ಯೇಲಾ ಎಡಗೈಯನ್ನೂ ಮೇಜಿನ ಮೇಲಿಟ್ಟಳು. ಅಲ್ಲೂ ಅಂಥದೇ ಶಿಲುಬೆ, ಸ್ವಲ್ಪ ಸೊಟ್ಟ, ಆದರೆ ಬಳೆ ಪೂರ್ತಿ ಇತ್ತು.

"ಇದು ನಾನೇ ಚುಚ್ಕೊಂಡಿದ್ದು. ಇದಿರ್ಲಿ. ಅದು ಬೇಡ. ಅದು ಅವಳ ಕೈಕೆಲಸ."

೩

ಅವಳು ಎಂದರೆ ಕಾತಾ. ಹೇಳಲು ಫ್ಲ್ಯಾಶ್‌ಬ್ಯಾಕ್ ಬೇಕು. ಫ್ಲ್ಯಾಶ್‌ಬ್ಯಾಕ್ ಇಲ್ಲದೆ ಕಥೆ ಬರೆಯುತ್ತೇನೆಂದು ಗೆಳೆಯರ ಮುಂದೆ ಜಂಬ ಕೊಚ್ಚಿದ್ದೆ, ಕ್ಷಮಿಸಿ.

ಪೇಟೆಯ ಮೇಲಿನ ಬೆಟ್ಟದ ಹಳ್ಳಿಯಲ್ಲಿ ಸಂತ ಜೋಸೆಫರ ಹಬ್ಬದ ದಿನ ಹುಡುಗಿಯರು ಹಚ್ಚೆ ಚುಚ್ಚಿಕೊಳ್ಳುತ್ತಿದ್ದರು. ದೇವದಾರು ಚಕ್ಕೆ ಉರಿಸಿ ತಟ್ಟೆಗೆ ಹಿಡಿದ ಮಸಿ, ಅದಕ್ಕೆ ಕೂಸಿಗೆ ಹಾಲೂಡಿಸುವ ತಾಯಿಯ ಹಾಲು ಒಂದು ಚಮಚ. ಎಡಗೈಗೆ ತಾನೇ ಚುಚ್ಚಿಕೊಳ್ಳಬಹುದು. ಬಲಗೈಗೆ ಇನ್ನೊಬ್ಬರ ಕೈಯೇ ಬೇಕು. ಆ ಇನ್ನೊಬ್ಬರನ್ನು ಯಾರೂ ಸುಮ್ಮನೆ ಆರಿಸುತ್ತಿರಲಿಲ್ಲ, ಸಾಯುವ ತನಕ ಕಣ್ಣಮುಂದೆ ಇರುವ ಕೆಲಸ ಅದು. ಯೇಲಾ ಪಕ್ಕದ ಮನೆಯ ಕಾತಾಳನ್ನು ಆರಿಸಿದಳು, ಕಾತಾ ಯೇಲಾಳನ್ನು.

ಕಾತಾಳ ಬಲಗೈಯನ್ನು ಯೇಲಾ ಮೊದಲು ಮುಗಿಸಿದಳು. ನಂತರ ಕಾತಾ ಶುರು ಮಾಡಿ, ಶಿಲುಬೆ ಆಗಿ, ಕೊಂಬೆ ಆಗಿ, ಬಳೆ ಇನ್ನೇನು ಕೂಡಬೇಕು ಅನ್ನುವಾಗ ಮಸಿ ಬತ್ತಿಹೋಯಿತು. ಇನ್ನೊಂದು ಚಮಚ ಹಾಲು ಕೇಳಲು ಹೋದರೆ ಕಾತಾಳ ಅತ್ತಿಗೆ ಬೈದಳು. ಕೂಸು ಎದ್ದು ಅಳುತ್ತಿತ್ತು, ಹಾಲಿಗೆ ಅದೇ ಮೊದಲ ಹಕ್ಕುದಾರ. "ಬರೋ ಹಬ್ಬಕ್ಕೆ ಕೂಡಿಸ್ತೀನಿ ಬಿಡೇ," ಎಂದಳು ಕಾತಾ. ಬರುವ ಹಬ್ಬಕ್ಕೆ ಮಸಿಗೆ ಹಾಲು ಸಿಗಲಿಲ್ಲ, ಅದರ ಮುಂದಿನದಕ್ಕೆ ಮದುವೆ, ಆಮೇಲೆ ಮಕ್ಕಳು. ಇಬ್ಬರೂ ಅದೇ ಹಳ್ಳಿಯಲ್ಲಿ, ಎದುರುಬದುರು ಮನೆಗೆ ಸೊಸೆಯರಾದರು. ಆ ಸಂದು ಇಬ್ಬರ ನಡುವೆ ನಗುವ ವಿಷಯವಾಗಿ ಉಳಿಯಿತು.

೪

ಯುದ್ಧವನ್ನು ಹರಿದು ಹಾಕಿದ್ದೆ ಎಂದೆ. ತುಂಡುಗಳಿಂದ ಒಂದನ್ನು ಮಾತ್ರ ಹೆಕ್ಕಿ ಇಲ್ಲಿ ಅಂಟಿಸುತ್ತೇನೆ.

ಆ ಚಳಿಗಾಲ ಊರಿನ ಹುಡುಗರು ಸರದಿಯ ಮೇಲೆ ಗುಡ್ಡದ ತುದಿಯಲ್ಲಿ ಕಾವಲಿರುತ್ತಿದ್ದರು. ಒಂದು ಸಂಜೆ ಕಾತಾಳ ಮಗ ಸ್ತೀಪೊನ ಸರದಿ. ಅವನಿಗೆ ಜ್ವರ ಎಂದು ಕಾತಾ ಹೇಳಿ ಕಳಿಸಿದಳು. ಅವನ ಬದಲು ಯೇಲಾಳ ಮಗ ನೀಕೊ ಹೋದ. ನೀಕೊ ಜೀವಂತ ಹಿಂದಿರುಗಲಿಲ್ಲ.

ಮಣ್ಣಿಗೆ ಇಡೀ ಊರು ಬಂತು. ಕಾತಾ ಬರಲಿಲ್ಲ. ಅವತ್ತೂ ಇಲ್ಲ, ಏಳನೆಯ ದಿನದ ಪೂಜೆಗೂ ಇಲ್ಲ, ವರ್ಷದ ಪೂಜೆಗೂ ಇಲ್ಲ. ಎದುರು ಮನೆ. ನಡುವೆ ಒಂದು ಕಾಲುದಾರಿ. ಮೂವತ್ತು ವರ್ಷ ಆಯಿತು.

ಯೇಲಾ ಪ್ರತಿ ಭಾನುವಾರ ಚರ್ಚಿನಲ್ಲಿ ಬಲಗೈ ಎತ್ತಿ ಶಿಲುಬೆ ಗುರುತು ಹಾಕಿಕೊಳ್ಳಬೇಕು. ಎತ್ತಿದಾಗಲೆಲ್ಲ ಕಣ್ಣೆದುರು ಬರುವುದು ಕಾತಾಳ ಕೈಕೆಲಸ. ಮಗನಿಗಾಗಿ ಪ್ರಾರ್ಥಿಸಲು ಹೋದರೆ ಬಾಯಿಗೆ ಶಾಪ ಬರುತ್ತದೆ. ಸಾಯುವ ಮೊದಲು ಒಂದು ಸಲವಾದರೂ ಮಗನ ಹೆಸರನ್ನು ಶಾಪವಿಲ್ಲದೆ ಹೇಳಬೇಕು, ಅವಳಿಗೆ ಬೇಕಾದದ್ದು ಅಷ್ಟೇ. ಅದಕ್ಕೇ ಗುಲಾಬಿ ಎಲೆ.

೫ (ಬಿಟ್ಟುಬಿಟ್ಟ ಭಾಗ)

ಇಲ್ಲಿ ನಾನು ಕಾತಾಳನ್ನು ಸಾಯಿಸಿದ್ದೆ. ಯೇಲಾ ಬ್ಲಾಜನ ಕುರ್ಚಿಯಲ್ಲಿ ಕೂತಿದ್ದಾಗಲೇ ಸುದ್ದಿ ಬರುತ್ತದೆ, ಮಷೀನು ನಿಲ್ಲುತ್ತದೆ, ಅಜ್ಜಿಯ ಕಣ್ಣಿಂದ ಒಂದು ಹನಿ, ಇತ್ಯಾದಿ. ಚೆನ್ನಾಗಿಯೇ ಬಂದಿತ್ತು. ಯೇಲಾ ಒಪ್ಪಲಿಲ್ಲ.

"ಏನಯ್ಯಾ, ದಾರಿ ಕಾಣ್ದಾಗೆಲ್ಲ ಯಾರನ್ನಾದ್ರೂ ಸಾಯಿಸ್ತೀಯಲ್ಲ, ನಮ್ಮೂರಲ್ಲಿ ಸತ್ತವರು ಸಾಲದಾ ನಿಂಗೆ?"

ಕಥೆಗೆ ಒಂದು ಕ್ಲೈಮ್ಯಾಕ್ಸ್ ಬೇಕಲ್ಲ ಎಂದೆ.

"ಅವಳು ಸತ್ರೆ ನಾನು ಯಾರನ್ನ ಕಾಯ್ಲಿ?"

ಕಾಯುವುದೇ? ನೀವು ಮುಚ್ಚಿಸಲು ಹೊರಟವರಲ್ಲವೇ ಎಂದು ಕೇಳಿದೆ. ಅಜ್ಜಿ ತುಟಿ ಬಿಗಿದುಕೊಂಡಳು. ಆಡಬಾರದ ಮಾತು ಬಾಯಿ ತಪ್ಪಿ ಬಂದಿತ್ತು. ನಾನು ಆ ಪುಟ ಹರಿದೆ, ಕಾತಾ ಬದುಕಿಕೊಂಡಳು.

೬

ಮೊದಲರ್ಧ ಆಯಿತು. ಬ್ಲಾಜ್ ಮುಲಾಮು ಸವರಿ, ಪಟ್ಟಿ ಸುತ್ತಿ, ಗಾಯ ಆರುವ ತನಕ ನೀರು ಮುಟ್ಟಿಸಬೇಡಿ, ಹಕ್ಕಳೆ ಕೀಳಬೇಡಿ ಎಂದು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ.

ಒಂಟಿ ಹೆಂಗಸು ನೀರು ಮುಟ್ಟದೆ ಹೇಗೆ ಇರುತ್ತಾಳೆ? ಪಾತ್ರೆ ರಾಶಿ ಬಿತ್ತು. ಹಕ್ಕಳೆ ಕಟ್ಟಿತು, ನವೆ ಶುರುವಾಯಿತು, ಮುಟ್ಟುವ ಹಾಗಿಲ್ಲ. ಭಾನುವಾರ ಚರ್ಚಿನಲ್ಲಿ ಪಟ್ಟಿ ಕಟ್ಟಿದ ಕೈಯಲ್ಲೇ ಶಿಲುಬೆ ಗುರುತು ಹಾಕಿಕೊಂಡಳು. ಹಿಂದಿನ ಬೆಂಚಿನಲ್ಲಿ, ಎಂದಿನಂತೆ ತಲೆ ತಗ್ಗಿಸಿಕೊಂಡು ಕೂತಿದ್ದ ಕಾತಾ ಅದನ್ನು ನೋಡಿದಳು.

ಮರುದಿನ ಬೆಳಿಗ್ಗೆ ಕಾತಾ ಕಾಲುದಾರಿ ದಾಟಿ ಬಂದಳು. ಬಾಗಿಲು ತಟ್ಟಲಿಲ್ಲ. ನೇರ ಅಡುಗೆಮನೆಗೆ ಹೋಗಿ, ಅಂಗಿಯ ತೋಳು ಮಡಚಿ, ಪಾತ್ರೆ ತೊಳೆಯಲು ನಿಂತಳು. ಯೇಲಾ ಒಲೆಯ ಪಕ್ಕದ ಕುರ್ಚಿಯಿಂದ ಏಳಲಿಲ್ಲ, ಕೂರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. (ನಾನು ಇಬ್ಬರ ಬಾಯಿಗೂ ಒಳ್ಳೊಳ್ಳೆಯ ಮಾತು ತುರುಕಲು ನೋಡಿದೆ. ಇಬ್ಬರೂ ಉಗುಳಿದರು.)

ಕೊನೆಯ ತಟ್ಟೆ ಒರೆಸುತ್ತ, ಬೆನ್ನು ತಿರುಗಿಸದೆಯೇ, ಕಾತಾ ಹೇಳಿದಳು:

"ಅವತ್ತು ಸ್ತೀಪೊಗೆ ಜ್ವರ ಇರ್ಲಿಲ್ಲ ಯೇಲಾ."

"ಗೊತ್ತು."

ಕಾತಾಳ ಕೈ ನಿಂತಿತು. ಯೇಲಾಳೇ ಮುಂದುವರಿಸಿದಳು:

"ಮಾರನೇ ದಿನ ಬೆಳಿಗ್ಗೆ ಅವ್ನು ಸೌದೆ ಒಡೀತಿದ್ದ. ನೀಕೊ ಸುದ್ದಿ ಇನ್ನೂ ಬಂದಿರ್ಲಿಲ್ಲ. ನಮ್ಮ ಕಿಟಕಿಯಿಂದ ಎಲ್ಲಾ ಕಾಣುತ್ತೆ."

"ಮತ್ತೆ ಇಷ್ಟು ವರ್ಷ ಒಂದು ಮಾತು ಕೇಳ್ಲಿಲ್ವಲ್ಲೇ."

"ನೀನೇ ಬಂದು ಹೇಳ್ಲಿ ಅಂತ ಕೂತಿದ್ದೆ."

ಕಾತಾ ತಟ್ಟೆಯನ್ನು ಅದರ ಜಾಗದಲ್ಲಿಟ್ಟು ಹೊರಟುಹೋದಳು. ಕಾಲುದಾರಿಯ ಮಧ್ಯೆ ಬೇಲಿ ಹಿಡಿದು ಬಹಳ ಹೊತ್ತು ನಿಂತಿದ್ದಳು. ಯೇಲಾ ಕಿಟಕಿಯಿಂದ ನೋಡುತ್ತಿದ್ದಳು. ಅವಳಿಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತುಂಬ ದಣಿವಾಗಿತ್ತು.

೭, ಅಥವಾ ನಿಮಗೆ ಬೇಕಾದ್ದು

ಈಗ ಎರಡು ಮುಕ್ತಾಯಗಳು ಸಿದ್ಧವಾಗಿವೆ, ಆರಿಸಿಕೊಳ್ಳಿ.

ಒಂದು: ಸಂತ ಜೋಸೆಫರ ಹಬ್ಬಕ್ಕೆ ಕಾತಾ ಸೂಜಿ ಹಿಡಿದು ಬಳೆ ಕೂಡಿಸುತ್ತಾಳೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಪತ್ರಿಕೆಯವರಿಗೆ ಇದು ಇಷ್ಟವಾಗುತ್ತದೆ. ಯೇಲಾಗೆ ಓದಿ ಹೇಳಿದೆ. ನನ್ನ ಮಗನ ಬೆಲೆ ಇಷ್ಟು ಬೇಗ ಇಳಿಯಿತೇ ಎಂದು ಕೇಳಿದಳು. ನಾಚಿಕೆಯಾಗಿ ಮಡಚಿಟ್ಟೆ.

ಇನ್ನೊಂದು: ಯೇಲಾ ಬ್ಲಾಜನ ಬಳಿ ಹೋಗಿ ಉಳಿದರ್ಧವನ್ನೂ ಮುಚ್ಚಿಸುತ್ತಾಳೆ. ಗುಲಾಬಿ ಅರಳುತ್ತದೆ, ಕಾತಾ ಇಲ್ಲವಾಗುತ್ತಾಳೆ. ಗಟ್ಟಿ ಕಥೆ ಎಂದು ವಿಮರ್ಶಕರು ಬೆನ್ನು ತಟ್ಟುತ್ತಾರೆ. ಇದನ್ನು ಕೇಳಿ ಯೇಲಾ ಕಿಟಕಿಯ ಕಡೆ ನೋಡಿದಳು.

ನನಗೆ ಗೊತ್ತಿರುವುದು ಇಷ್ಟು. ಹಕ್ಕಳೆ ಉದುರಿದ ಮೇಲೆ ಒಂದು ದಿನ ಯೇಲಾ ಬಸ್ಸು ಹತ್ತಿ ಪೇಟೆಗೆ ಹೋಗಿದ್ದನ್ನು ಕಂಡವರಿದ್ದಾರೆ. ಬ್ಲಾಜನನ್ನು ಕೇಳಿದೆ, ಗಿರಾಕಿಯ ಕೈ ಗಿರಾಕಿಯದು ಎಂದು ಬೇರೆ ಕೆಲಸ ನೋಡಿದ. ಪಟ್ಟಿ ಮಾತ್ರ ಇನ್ನೂ ಕೈಮೇಲಿದೆ. ವಸಂತ ಹೋಯಿತು, ಪ್ಲಮ್ ಕಾಯಿ ಬಣ್ಣ ತಿರುಗಿತು, ಪಟ್ಟಿ ಇದೆ. ಅದರ ಕೆಳಗೆ ಉಳಿದರ್ಧದಲ್ಲಿ ಇರುವುದು ಎಲೆಯೋ, ಕೂಡಿದ ಬಳೆಯೋ, ಅದೇ ಹಳೆಯ ಸಂದೋ? ಒಮ್ಮೆ ಬಿಚ್ಚಿ ನೋಡೋಣವೆಂದು ನಾನು ಕೈ ಚಾಚಿದ್ದೂ ಉಂಟು. ಯೇಲಾ ಕೈಯನ್ನು ಎದೆಗೆ ಎಳೆದುಕೊಂಡಳು. "ಬರ್ದಿದ್ದು ಸಾಕು, ಎದ್ದು ಹೋಗು," ಎಂದಳು.

ಹೋಗುತ್ತೇನೆ. ಹೊಸ್ತಿಲಲ್ಲಿ ಕಂಡದ್ದನ್ನು ಹೇಳಿ ಹೋಗುತ್ತೇನೆ. ಅದು ಮುಕ್ತಾಯವಲ್ಲ.

ಕಾತಾ ಬಂದಿದ್ದಳು. ಪ್ರತಿ ಶನಿವಾರ ಬರುತ್ತಾಳೆ. ಪಾತ್ರೆ ತೊಳೆದು, ನೆಲ ಒರೆಸಿ, ಕೈ ಒರೆಸಿಕೊಳ್ಳುತ್ತ ಕೇಳಿದಳು:

"ಗಾಯ ಇನ್ನೂ ಆರ್ಲಿಲ್ವೇನೇ?"

"ಇಲ್ಲ ಕಣೇ. ವಯಸ್ಸಾದ ಚರ್ಮ. ತಡ ಆಗುತ್ತೆ."

ಪಟ್ಟಿಯ ತುದಿ ಸಡಿಲವಾಗಿ ಜೋತುಬಿದ್ದಿತ್ತು. ಮುಲಾಮಿನ ವಾಸನೆ ಯಾವತ್ತೋ ಹೋಗಿತ್ತು. ಕಾತಾ ಬಗ್ಗಿ ಆ ಬಲಗೈಯನ್ನು ತನ್ನ ಕೈಗೆ ತೆಗೆದುಕೊಂಡಳು. ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಕೆಳಗೇನಿದೆ ಎಂದು ನೋಡದೆಯೇ, ಪಟ್ಟಿಯನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿದಳು.

"ನೀರು ಮುಟ್ಬೇಡ ಮತ್ತೆ," ಎಂದಳು.

"ಇಲ್ಲ," ಎಂದಳು ಯೇಲಾ.