ಮಾದಪ್ಪನ ಗುರುತು

ಮಾದಪ್ಪ ಬೈಕಿನ ಹ್ಯಾಂಡಲ್ ಲಾಕ್ ಮಾಡಿದ. ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆದು ನೋಡಿದ. ಕೀ ಜೇಬಿಗಿಳಿಸಿ, ಜೇಬನ್ನು ಮೇಲಿನಿಂದ ಮುಟ್ಟಿಕೊಂಡು, ಆಮೇಲಷ್ಟೇ ಅಣ್ಣನ ಹೆಣ ಮಲಗಿಸಿದ್ದ ಶಾಮಿಯಾನದ ಕಡೆ ತಿರುಗಿದ.

"ಸಾವಿನ್ ಮನೇಲಿ ನಿನ್ ಗಾಡಿಯ ಯಾರ್ಲಾ ಕದ್ದಾರು?" ಎಂದಳು ಜಗಲಿಯ ಮೇಲಿದ್ದ ಸೋದರತ್ತೆ ಶಿವನಂಜಮ್ಮ.

"ಕದಿಯೋರು ಸಾವು ಮದ್ವೆ ಅಂತ ನೋಡ್ತಾರಾ ಅತ್ತೆ?"

ಹೆಮ್ಮಿಗೆಯ ಆ ಬೀದಿ ತುಂಬ ಬೈಕುಗಳೇ. ಅಣ್ಣ ನಾಗಯ್ಯ ನರಸೀಪುರದಲ್ಲಿ ಬೈಕ್ ರಿಪೇರಿ ಮಾಡುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು; ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ಅಂಗಡಿಗೆ ಶಟರ್ ಎಳೆದು ಬಂದಿದ್ದರು. ಅವರಲ್ಲೊಬ್ಬ ತನ್ನ ಗಾಡಿಯ ಇಂಜಿನ್ನನ್ನೇ ನೋಡುತ್ತಿದ್ದಾನೆ ಅನ್ನಿಸಿ ಮಾದಪ್ಪ ಎರಡು ಸಲ ಹಿಂದಿರುಗಿ ನೋಡಿದ.

ದೇವನೂರಿಗೆ ಮನೆ ಅಳಿಯನಾಗಿ ಹೋಗಿದ್ದ ಈ ಮಾದಪ್ಪನಿಗೆ ಒಂದು ಅಭ್ಯಾಸ. ತನ್ನದು ಎಂಬ ಎಲ್ಲದಕ್ಕೂ ಹೆಂಡತಿಯ ಕೆಂಪು ನೈಲ್‌ಪಾಲಿಶ್‌ನಿಂದ ಒಂದು ಬೊಟ್ಟು. ಗುದ್ದಲಿಗೆ, ಬಕೆಟ್ಟಿಗೆ, ಮಿಲ್ಲಿಗೆ ಹೋಗುವ ರಾಗಿ ಡಬ್ಬಕ್ಕೆ, ಕೊನೆಗೆ ಗಾಡಿ ಕೀಗೂ. ಎರವಲು ಹೋದ ಸಾಮಾನು ತಿರುಗಿ ಬರುವಾಗ ಅದೇ ಬರಬೇಕಲ್ಲ ಎನ್ನುತ್ತಿದ್ದ. ಊರವರು ನಗುತ್ತಿದ್ದರು. ಅವನು ನಗುತ್ತಿರಲಿಲ್ಲ.

ಅತ್ತಿಗೆ ಗೋವಿಂದಮ್ಮ ತಲೆ ಎತ್ತಿದಳು. "ಮಣ್ಣಿಗೂ ಬರಲ್ಲ ಅಂದಿದ್ದೆ. ಬಂದ್ಯಲ್ಲಪ್ಪ, ಸಾಕು."

"ಎದೆನೋವು ಅಂದ್ರು. ಯಾವಾಗ್ ಬಂತು ಅತ್ಗೆ? ಜೊತೇಲಿ ಯಾರಿದ್ರು?"

"ನಾನಿದ್ದೆ. ನನ್ ಮ್ಯಾಲೂ ಅನುಮಾನ್ವಾ?"

ಮಾದಪ್ಪ ಜೇಬಿನ ಮೇಲೆ ಕೈಯಿಟ್ಟು ಪಕ್ಕಕ್ಕೆ ಸರಿದ.

ನಾಗಯ್ಯನಿಗೆ ಗಂಡುಮಕ್ಕಳಿಲ್ಲ. ಕೆಂಡ ತುಂಬಿದ ಮಡಕೆ ಹಿಡಿದು ಹೆಣದ ಮುಂದೆ ನಡೆಯಬೇಕಾದವನು ತಮ್ಮನೇ. ಮನೆ ಮುಂದೆ ಬೆಂಕಿ ಉರಿಯುತ್ತಿತ್ತು. ಪಕ್ಕದಲ್ಲಿ ಹೊಸ ಮಡಕೆ ಕಾಯುತ್ತಿತ್ತು. ಎಲ್ಲರ ಕಣ್ಣೂ ಮಾದಪ್ಪನ ಮೇಲೆ. ಅವನು ಮಾತ್ರ ಕೈಕಟ್ಟಿ ನಿಂತೇ ಇದ್ದ. ತನ್ನ ಗಾಡಿಯ ಇಂಜಿನ್ನಿನ ಹೆಡ್ಡು ಬದಲಾಯಿಸಿ ಮೋಸ ಮಾಡಿದವನ ಮುಂದೆ ಮಡಕೆ ಹೊತ್ತು ನಡೆಯುವುದು ಹೇಗೆ?

"ಬುಡವ್ವ," ಎಂದಳು ನಾಗಯ್ಯನ ಮಗಳು ಪವಿತ್ರ. "ಮಡಕೆ ನಾನೇ ಇಡ್ಕತೀನಿ. ಚಿಕ್ಕಪ್ಪಂಗೆ ಗಾಡಿ ಕಾಯೋ ಕೆಲ್ಸ ಅದೆ."

*

ವರ್ಷಗಳ ಹಿಂದಿನ ಮಾತು. ಮಾದಪ್ಪನ ಬೈಕಿನ ಸೈಲೆನ್ಸರ್ ಹಿಡಿದಿಡುವ ಬೋಲ್ಟಿನಂಥ ಸ್ಟಡ್ಡು ಮುರಿದು, ಅರ್ಧ ತುಂಡು ಇಂಜಿನ್ನಿನ ಹೆಡ್ಡಿನೊಳಗೇ ಕೂತಿತ್ತು. ಗಾಡಿಯನ್ನು ಅಣ್ಣನ ಅಂಗಡಿಗೆ ಬಿಡುವ ಮೊದಲು ಮಾದಪ್ಪ ಹೆಡ್ಡಿನ ಮೇಲಿನ ಲೋಹದ ರೆಕ್ಕೆಗಳ ಸಂದಿಯಲ್ಲಿ ಯಾರಿಗೂ ಕಾಣದ ಹಾಗೆ ಒಂದು ಕೆಂಪು ಬೊಟ್ಟು ಇಟ್ಟಿದ್ದ. ಅಣ್ಣನಾದರೇನು, ಮೆಕ್ಯಾನಿಕ್ ತಾನೆ.

ತಿರುಗಿ ಹೋದಾಗ ನಾಗಯ್ಯ ತನ್ನ ಪದ್ಧತಿಯಂತೆ ಹಳೇ ಸಾಮಾನನ್ನು ಗಿರಾಕಿಯ ಅಂಗೈಗೆ ಇಟ್ಟ. ತಿರುಗಿಸಿ ತೆಗೆಯಲೆಂದು ತಲೆಗೆ ನಟ್ಟು ವೆಲ್ಡ್ ಮಾಡಿದ್ದ ಗಿಡ್ಡ ತುಂಡು.

"ತಗಳಪ್ಪ. ಬಲವಂತ ಮಾಡಿದ್ರೆ ಒಳಗೇ ಇನ್ನೊಂದ್ಸಲ ಮುರಿಯೋದು. ಒಸಿ ಮುಂದಕ್ಕೆ, ಒಸಿ ಇಂದಕ್ಕೆ, ಪುಸಲಾಯಿಸಿ ತೆಗ್ದಿವ್ನಿ."

ಮಾದಪ್ಪ ತುಂಡು ನೋಡಲಿಲ್ಲ. ಬಗ್ಗಿ ರೆಕ್ಕೆಯ ಸಂದಿ ನೋಡಿದ. ಕೆಂಪು ಇರಲಿಲ್ಲ.

"ಅಣ್ಣ, ಈ ಹೆಡ್ಡು ಯಾರ್ದು?"

"ನಿಂದೇ."

"ನಂದಾದ್ರೆ ಅದ್ರಲ್ಲಿದ್ದ ಗುರುತೆಲ್ಲಿ?"

ನಾಗಯ್ಯ ಗ್ರೀಸ್ ಕೈಯನ್ನು ಬಟ್ಟೆಗೆ ಒರೆಸುತ್ತ ಒರೆಸುತ್ತ ತಮ್ಮನನ್ನೇ ನೋಡಿದ. "ನಿಂದೇ ಕಣ್ಲಾ," ಎಂದ ಇನ್ನೊಮ್ಮೆ. ಅಷ್ಟೇ.

ಮಾದಪ್ಪ ತುಂಡನ್ನು ಮೋರಿಗೆ ಎಸೆದ. "ನಿನ್ ಮಣ್ಣಿಗೂ ಬರಲ್ಲ" ಎಂದ. ನಾಲ್ಕು ಅಂಗಡಿಯವರು ಕೇಳಿಸಿಕೊಂಡರು.

*

"ಆ ಗಾಡಿ ಇನ್ನೂ ಓಡ್ತಾ ಅದಲ್ಲ," ಎಂದು ಶಾಮಿಯಾನದಲ್ಲಿ ಮಾದಪ್ಪನ ಪಕ್ಕಕ್ಕೆ ಬಂದ ಶಿವಮೂರ್ತಿ. ನಾಗಯ್ಯನ ಅಂಗಡಿಯ ಎದುರಿಗೇ ಅವನ ವೆಲ್ಡಿಂಗ್ ಶಾಪು.

"ಯಾರ್ ಗಾಡಿ ಹೆಡ್ಡೋ, ಓಡ್ತಾ ಅದೆ," ಎಂದ ಮಾದಪ್ಪ.

"ಅಯ್ಯೋ, ನಿಂದೇ ಕಣಯ್ಯ! ಬಿಚ್ಕಂಡು ನನ್ ಶಾಪಿಗೇ ತಂದಿದ್ದ. ಅಲ್ಯೂಮಿನಿಯಂ ಬಿಸಿ ಆಗ್ದೆ ಸ್ಟಡ್ಡು ಸಡ್ಲ ಆಗಲ್ಲ. ನಾನೇ ಗ್ಯಾಸ್ ಉರಿ ಇಡ್ದೆ. ರೆಕ್ಕೆ ಸಂದೀಲಿ ಕೆಂಪ್‌ಗೆ ಏನೋ ಉಕ್ಕಿ ಒಗೆ ಬಂತು. ಏನ್ಲಾ ಇದು ಅಂದ್ರೆ, ನಮ್ ಮಾದ ಗುರುತ್ ಆಕಿ ಕಳ್ಸವ್ನೆ ಅಂತ ನಕ್ಕ. ಆಮ್ಯಾಲೆ ನಗು ನಿಂತೋಯ್ತು."

"ಗೊತ್ತಿದ್ರೆ ನಂಗ್ಯಾಕ್ ಏಳ್ನಿಲ್ಲ?"

"ನಾನೂ ಅಂದೆ. ಫ್ಯಾನ್ಸಿ ಸ್ಟೋರ್‌ನಲ್ಲಿ ಒಂದ್ ಬಾಟ್ಲಿ ತಂದು ಅದೇ ಜಾಗಕ್ಕೆ ಅಚ್ಬುಡು, ತಂಟೆ ಬ್ಯಾಡ ಅಂದೆ. ಏನಂದ ಗೊತ್ತಾ? ನಾನ್ ಅಚ್ಚಿದ್ರೆ ಆಗ ನಿಜ್ವಾಗ್ಲೂ ಮೋಸ ಆಯ್ತದೆ ಶಿವಮೂರ್ತಿ, ಅಂದ. ಅಣ್ಣನ ಮಾತ್ಗಿಂತ ಬೊಟ್ಟು ದೊಡ್ದಾದ್ರೆ ಆಗ್ಲಿ ಬುಡು, ಅಂದ."

ಮಾದಪ್ಪ ಅವನ ಮುಖವನ್ನೇ ದಿಟ್ಟಿಸಿದ. "ನೀವೆಲ್ಲ ಒಂದೇ ಕಸುಬ್ನೋರು. ಸತ್ತೋನ್ ಕಡೆಗೇ ಮಾತಾಡ್ತೀರ."

"ಅಂಗೇ ಅನ್ಕೋ," ಎಂದು ಶಿವಮೂರ್ತಿ ಚಟ್ಟ ಕಟ್ಟುವವರ ಕಡೆ ನಡೆದ.

ಮಾದಪ್ಪ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಜೇಬಿನಿಂದ ಕೀ ತೆಗೆದ. ಸಂತೆಯಲ್ಲಿ ಮಾಡಿಸಿದ ಡೂಪ್ಲಿಕೇಟು, ಬರೀ ಲೋಹದ್ದು. ನೆತ್ತಿಯ ಮೇಲೆ ಅದೇ ಕೆಂಪು ಬೊಟ್ಟು. ಆಚೀಚೆ ನೋಡಿ ಅದನ್ನು ಕೆಂಡದ ಅಂಚಿಗೆ ಇಟ್ಟ. ಮೊದಲು ಏನೂ ಆಗಲಿಲ್ಲ. ಅವನ ಮುಖ ಒಂದು ಕ್ಷಣ ಹಗುರಾಯಿತು, ಇಷ್ಟು ವರ್ಷದ ಅನುಮಾನ ಸರಿಯಾಗಿಯೇ ಇತ್ತು ಎಂಬಂತೆ. ಆಮೇಲೆ ಬೊಟ್ಟು ಗುಳ್ಳೆಯೆದ್ದಿತು. ಚಿಕ್ಕದೊಂದು ಉರಿ ಹತ್ತಿ, ಘಾಟು ವಾಸನೆ ಬಂತು. ಕಡ್ಡಿಯಿಂದ ಕೆದಕಿದ. ಕರಿ ಹುಡಿ ಉದುರಿತು. ಕೆಳಗೆ ಬರೀ ಲೋಹ.

ತಮಟೆ ಶುರುವಾಯಿತು. ಪವಿತ್ರ ಮಡಕೆಗೆ ಕೆಂಡ ತುಂಬಲು ಬಂದಳು.

"ಕೊಡು ಮಗ," ಎಂದು ಮಾದಪ್ಪ ಕೀ ಅಲ್ಲೇ ಬಿಟ್ಟು ಎದ್ದ.

ಅವಳು ಮಡಕೆಯನ್ನು ಎದೆಗೆ ಒತ್ತಿಕೊಂಡಳು. ನಂಬಲೋ ಬೇಡವೋ ಎಂದು ಅವಳು ನೋಡಿದ ಆ ನೋಟ ಮಾದಪ್ಪನದೇ ನೋಟ.

"ಗಾಡಿ?"

"ಇರ್ಲಿ ಬುಡು."

ಅವಳು ಬಹಳ ಹೊತ್ತಿನ ಮೇಲೆ ಮಡಕೆ ಬಿಟ್ಟುಕೊಟ್ಟಳು.

*

ಹೊತ್ತಿಳಿಯುವಾಗ ಎಲ್ಲರೂ ನಾಗಯ್ಯನಿಗೆ ಮಣ್ಣು ಹಾಕಿ, ಕಾಲುವೆಯಲ್ಲಿ ಮಿಂದು, ದೀಪ ನೋಡಲು ಮನೆಗೆ ಮರಳಿದರು. ಬೆಂಕಿ ಆರಿತ್ತು. ಬೂದಿ ಗುಡಿಸುತ್ತಿದ್ದ ಶಿವನಂಜಮ್ಮ ಬಗ್ಗಿ ಏನನ್ನೋ ಎತ್ತಿ ಸೆರಗಿನಲ್ಲಿ ಒರೆಸಿದಳು.

"ಯಾರ್ ಗಾಡಿ ಕೀನ್ರಪ್ಪ ಇದು? ಎಲ್ಲಾವೂ ಒಂದೇ ತರ ಇರ್ತವೆ. ಗುರುತೇನಾರ ಇದ್ರೆ ಏಳಿ, ಕೊಡ್ತೀನಿ."

ಮೆಕ್ಯಾನಿಕ್‌ಗಳು ತಂತಮ್ಮ ಜೇಬು ತಡವಿಕೊಂಡರು. ಶಿವಮೂರ್ತಿ ಮಾದಪ್ಪನ ಕಡೆ ನೋಡಿದ.

"ಗುರುತೇನಿಲ್ಲ ಅತ್ತೆ," ಎಂದ ಮಾದಪ್ಪ. "ನಂದೇ."

ಅವನು ಕೈ ಚಾಚಿದ. ಕಾಲುವೆಯಲ್ಲಿ ಎಷ್ಟು ಉಜ್ಜಿದರೂ ಹೋಗದ ಕೆಮ್ಮಣ್ಣು ಐದೂ ಉಗುರಿನ ಸಂದಿಯಲ್ಲಿ ಹಾಗೇ ಉಳಿದಿತ್ತು.